ಆಫ್‌ಸೆಟ್ ಮುಟ್ಟದ ಅರ್ಧ ಶಿಫ್ಟ್: ಕಾಲೇಜಿನ ಗುಣಮಟ್ಟ ಪ್ರಾಜೆಕ್ಟಿನ ನನ್ನ ಅನುಭವ

ಇಂಡಸ್ಟ್ರಿಯಲ್ ಅಂಡ್ ಪ್ರೊಡಕ್ಷನ್ ಎಂಜಿನಿಯರಿಂಗ್‌ನ ಕೊನೆಯ ವರ್ಷದಲ್ಲಿ ನನ್ನ ಪ್ರಾಜೆಕ್ಟ್ ನಡೆದದ್ದು ಬೆಳಗಾವಿಯ ಉದ್ಯಮಬಾಗದ ಒಂದು ಸಣ್ಣ ಮಶೀನ್ ಶಾಪಿನಲ್ಲಿ. ಅಲ್ಲಿನ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಲೇತಿನ ಮೇಲೆ ಉಕ್ಕಿನ ಪಿನ್ನೊಂದು ತಯಾರಾಗುತ್ತಿತ್ತು. ಅದರ ವ್ಯಾಸ 22 ಮಿ.ಮೀ. ಇರಬೇಕು, ಅದಕ್ಕಿಂತ 15 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲಿ ಒಂದು ಭಾಗ ಒಂದು ಮೈಕ್ರಾನ್) ಹೆಚ್ಚಾದರೂ ಕಡಿಮೆಯಾದರೂ ನಡೆಯುತ್ತದೆ ಎಂದು ಡ್ರಾಯಿಂಗಿನಲ್ಲಿ ಇತ್ತು. 100 ಪಿನ್ನುಗಳಲ್ಲಿ ಸುಮಾರು 6 ತಿರಸ್ಕೃತವಾಗುತ್ತಿದ್ದವು, ಅವುಗಳಲ್ಲಿ ಬಹುತೇಕ ಎಲ್ಲವೂ ಸಣ್ಣ ಬಂದವು. ದಪ್ಪ ಬಂದ ಪಿನ್ನನ್ನು ಮತ್ತೊಮ್ಮೆ ಲೇತಿಗೆ ಹಾಕಿ ಸರಿಪಡಿಸಬಹುದು, ಸಣ್ಣ ಬಂದದ್ದು ನೇರ ಗುಜರಿಗೆ ಹೋಗುತ್ತದೆ. ಈ ತಿರಸ್ಕಾರ ಏಕೆ, ಅದನ್ನು ಕಡಿಮೆ ಮಾಡುವುದು ಹೇಗೆ ಎಂಬುದೇ ನನಗೆ ಸಿಕ್ಕ ವಿಷಯ.

ಅದಕ್ಕೂ ಹಿಂದಿನ ವರ್ಷ ಸ್ಟ್ಯಾಟಿಸ್ಟಿಕಲ್ ಕ್ವಾಲಿಟಿ ಕಂಟ್ರೋಲ್ ಪಾಠದಲ್ಲಿ ನಮ್ಮ ಮೇಡಂ, ಅಮೆರಿಕದ ಗುಣಮಟ್ಟ ತಜ್ಞ ಡೆಮಿಂಗ್ ಅವರ ಕೆಂಪು ಮಣಿಗಳ ಪ್ರಯೋಗ ಮಾಡಿಸಿದ್ದರು. ಡಬ್ಬಿಯಲ್ಲಿ ಐದರಲ್ಲಿ ಒಂದು ಪಾಲು ಕೆಂಪು ಮಣಿ, ಉಳಿದವು ಬಿಳಿ. 50 ಕುಳಿಗಳಿರುವ ಹಲಗೆಯನ್ನು ಅದರಲ್ಲಿ ಅದ್ದಿ ತೆಗೆಯಬೇಕು, ಕೆಂಪು ಮಣಿ ಬಂದಷ್ಟೂ ದೋಷ. ಒಬ್ಬನಿಗೆ 7 ಬಂದವು, ಇನ್ನೊಬ್ಬಳಿಗೆ 14. ಕಡಿಮೆ ಬಂದವನನ್ನು ಹೊಗಳಿ, ಹೆಚ್ಚು ಬಂದವಳಿಗೆ ಎಚ್ಚರಿಕೆ ಕೊಟ್ಟ ಮೇಲೆ ಮೇಡಂ ನಮ್ಮಿಂದ ಲೆಕ್ಕ ಮಾಡಿಸಿದರು: ಸರಾಸರಿ 10, ಸಹಜ ಏರುಪೇರಿನ ಮಿತಿಗಳು ಸುಮಾರು 1.5ರಿಂದ 18.5. ಏಳೂ ಹದಿನಾಲ್ಕೂ ಒಂದೇ ಡಬ್ಬಿಯ ಸಹಜ ಏರುಪೇರು, ಅದರಲ್ಲಿ ಅದ್ದುವವರ ಗುಣವೂ ಇಲ್ಲ, ದೋಷವೂ ಇಲ್ಲ. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ನಾನು ಚೆನ್ನಾಗಿಯೇ ಉತ್ತರಿಸಿದ್ದೆ. ಆದರೆ ಅದೇ ಮಾತು ಎಣ್ಣೆ ಹತ್ತಿದ ನೆಲದ ಮೇಲೆ, ಹದಿನೆಂಟು ವರ್ಷ ಲೇತ್ ನಡೆಸಿದ ಹಿರಿಯರೊಬ್ಬರ ಎದುರು ಮತ್ತೆ ಬಂದಾಗ ಅದನ್ನು ಗುರುತಿಸಲು ನನಗೆ ಎರಡು ತಿಂಗಳು ಬೇಕಾಯಿತು.

ಮೊದಲು ನಾನು ಕೈಗೆತ್ತಿಕೊಂಡದ್ದು ಇನ್‌ಸ್ಪೆಕ್ಷನ್ ರಿಜಿಸ್ಟರು. ಆರು ತಿಂಗಳ ಅಳತೆಗಳು ಸಿದ್ಧವಾಗಿ ಸಿಕ್ಕಿದವಲ್ಲ ಎಂಬ ಸಂತೋಷದಲ್ಲಿ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿ ಹಿಸ್ಟೋಗ್ರಾಮ್ (ಯಾವ ಅಳತೆ ಎಷ್ಟು ಸಲ ಬಂದಿದೆ ಎಂದು ತೋರಿಸುವ ಕಂಬಚಿತ್ರ) ಬರೆದೆ. ಚಿತ್ರದ ಆಕಾರವೇ ವಿಚಿತ್ರವಾಗಿತ್ತು. ಕೆಳಮಿತಿಯಾದ 21.985ರ ಒಳಬದಿಗೆ ಅಂಟಿಕೊಂಡಂತೆ ಒಂದು ಗೋಪುರ ಎದ್ದಿತ್ತು, ಅದರ ಪಕ್ಕದಲ್ಲೇ, ಮಿತಿಯ ಆಚೆಗಿನ 21.984 ಮತ್ತು 21.983ರಲ್ಲಿ ಹೆಚ್ಚುಕಡಿಮೆ ಏನೂ ಇರಲಿಲ್ಲ. ಯಾವ ಯಂತ್ರವೂ ಮಿತಿಯ ಗೆರೆಯನ್ನು ನೋಡಿಕೊಂಡು ಪಿನ್ ಕಡೆಯುವುದಿಲ್ಲ. ಗೆರೆ ನೋಡುವುದು ಮನುಷ್ಯನ ಕಣ್ಣು: ಒಂದೆರಡು ಮೈಕ್ರಾನ್ ತಾನೇ ಎಂದು ಪಿನ್ನನ್ನು ಒಳಗೆ ಸೇರಿಸಿ ಬರೆದುಬಿಡುತ್ತದೆ. ಇದನ್ನು ಮೋಸ ಎಂದು ನಾನು ಕರೆಯುವುದಿಲ್ಲ. ತಿರಸ್ಕೃತ ಪಿನ್ನು ಹೆಚ್ಚಾದ ದಿನ ಕಾರಣ ಬರೆದುಕೊಡಬೇಕಾದವರು ಎಲ್ಲಿದ್ದರೂ ಅಲ್ಲಿನ ಅಂಕಿಗಳು ಹೀಗೇ ಇರುತ್ತವೆ. ಆದರೆ ಆ ಆರು ತಿಂಗಳ ಅಂಕಿಗಳಿಂದ ನನಗೆ ಉಪಯೋಗವಿಲ್ಲ ಎಂಬುದು ಖಚಿತವಾಯಿತು, ಹಾಗಾಗಿ ನಾನೇ ಅಳೆಯಬೇಕೆಂದು ನಿರ್ಧರಿಸಿದೆ.

ಅಳೆಯುವ ಮುನ್ನ ಅಳತೆಯನ್ನೇ ಅಳೆಯಬೇಕು ಎಂದು ನನ್ನ ಗೈಡ್ ಪಟ್ಟು ಹಿಡಿದರು. ನನಗೆ ಅದು ಸಮಯ ಹಾಳು ಎಂದೇ ಅನಿಸಿತ್ತು. ಆದರೂ ಅಳತೆಯಲ್ಲೇ ಎಷ್ಟು ದೋಷವಿದೆ ಎಂದು ಕಂಡುಹಿಡಿಯುವ ಗೇಜ್ ಆರ್ ಅಂಡ್ ಆರ್ ಪದ್ಧತಿಯ ಪ್ರಕಾರ 10 ಪಿನ್ನುಗಳನ್ನು ಮೂವರು ಮೂರು ಮೂರು ಸಲ ಅಳೆದೆವು, ಒಟ್ಟು 90 ಅಳತೆ. ಯಾವ ಪಿನ್ ಯಾವುದೆಂದು ಅಳೆಯುವವರಿಗೆ ತಿಳಿಯದಂತೆ ನಾನು ಸಂಖ್ಯೆಗಳನ್ನು ತುದಿಯ ಕೆಳಭಾಗದಲ್ಲಿ ಬರೆದಿದ್ದೆ. ಟಾಲರೆನ್ಸಿನ, ಅಂದರೆ ಡ್ರಾಯಿಂಗ್ ಅನುಮತಿಸುವ ಒಟ್ಟು 30 ಮೈಕ್ರಾನಿನ, 34 ಶೇಕಡಾ ಭಾಗವನ್ನು ಅಳತೆಯ ದೋಷವೇ ನುಂಗುತ್ತಿದೆ ಎಂದು ಲೆಕ್ಕ ಹೇಳಿತು. 10 ಶೇಕಡಾದೊಳಗಿದ್ದರೆ ಒಳ್ಳೆಯದು, 30 ದಾಟಿದರೆ ಆ ಅಳತೆಯನ್ನು ನಂಬಬಾರದು ಎಂಬುದು ಉದ್ಯಮದಲ್ಲಿ ಎಲ್ಲರೂ ಒಪ್ಪುವ ನಿಯಮ. ಕಾರಣ ಹುಡುಕಲು ಮೂವರ ಕೈಗಳನ್ನು ನೋಡುತ್ತಾ ಕುಳಿತೆ. ಒಬ್ಬರು ಮೈಕ್ರೋಮೀಟರಿನ ಹಿಂಬದಿಯ, ಬಿಗಿತವನ್ನು ಒಂದೇ ಸಮ ಇಡುವ ರ‍್ಯಾಚೆಟನ್ನು ತಿರುಗಿಸಿ ಟಿಕ್ ಟಿಕ್ ಶಬ್ದ ಬಂದ ಮೇಲೆ ಓದುತ್ತಿದ್ದರು, ಇನ್ನೊಬ್ಬರು ನೇರವಾಗಿ ಥಿಂಬಲ್ (ತಿರುಗಿಸುವ ಕೊಳವೆ) ಹಿಡಿದು ಬಿಗಿಯುತ್ತಿದ್ದರು. ಒಬ್ಬರು ಪಿನ್ನಿನ ನಡುವೆ ಅಳೆದರೆ ಇನ್ನೊಬ್ಬರು ತುದಿಯ ಹತ್ತಿರ ಅಳೆಯುತ್ತಿದ್ದರು, ಪಿನ್ನಿನ ಉದ್ದಕ್ಕೂ ಒಂದೆರಡು ಮೈಕ್ರಾನ್ ಓರೆಯಿದ್ದದ್ದರಿಂದ ಉತ್ತರ ಬೇರೆಯಾಗುತ್ತಿತ್ತು. ಅಳೆಯುವ ಜಾಗವನ್ನು ಗುರುತು ಮಾಡಿ, ಎಲ್ಲರೂ ರ‍್ಯಾಚೆಟ್ ಬಳಸುವಂತೆ ಒಪ್ಪಿಸಿ, ದಿನಕ್ಕೆರಡು ಸಲ ಮೈಕ್ರೋಮೀಟರಿನ ಸೊನ್ನೆಯನ್ನು ಪರೀಕ್ಷಿಸುವ ರೂಢಿ ಹಾಕಿ ಮತ್ತೆ ಅಳೆದಾಗ ಅದು 17 ಶೇಕಡಾಕ್ಕೆ ಇಳಿಯಿತು. ಅಷ್ಟರಲ್ಲಿ ನಾಲ್ಕು ತಿಂಗಳಲ್ಲಿ ಐದು ವಾರ ಮುಗಿದಿದ್ದವು. ಇಂದು ಯಾವ ವಿದ್ಯಾರ್ಥಿ ಕೇಳಿದರೂ ಆ ಐದು ವಾರಗಳನ್ನು ಮಾತ್ರ ಬಿಡಬೇಡಿ ಎಂದು ನಾನು ಹೇಳುತ್ತೇನೆ.

ನಂತರ ಒಂದು ಇಡೀ ಶಿಫ್ಟ್ ಲೇತಿನ ಪಕ್ಕ ನಿಂತು, ಹೊರಬಂದ 125 ಪಿನ್ನುಗಳಿಗೆ ಬಂದ ಕ್ರಮದಲ್ಲೇ ಮಾರ್ಕರಿನಿಂದ ಸಂಖ್ಯೆ ಬರೆದು, ಎಲ್ಲವೂ ತಣ್ಣಗಾದ ಮೇಲೆ ಇನ್‌ಸ್ಪೆಕ್ಷನ್ ಕೋಣೆಯಲ್ಲಿ ಅಳೆದೆ. ಐದೈದರ 25 ಗುಂಪು ಮಾಡಿ ಸರಾಸರಿ ಮತ್ತು ವ್ಯಾಪ್ತಿಯ (ಗುಂಪಿನ ಅತಿ ದೊಡ್ಡ, ಅತಿ ಸಣ್ಣ ಅಳತೆಗಳ ಅಂತರದ) ಕಂಟ್ರೋಲ್ ಚಾರ್ಟುಗಳನ್ನು, ಅಂದರೆ ಸಹಜ ಏರುಪೇರಿನ ಮಿತಿಗಳನ್ನು ತೋರಿಸುವ ನಕ್ಷೆಗಳನ್ನು, ಗ್ರಾಫ್ ಹಾಳೆಯ ಮೇಲೆ ಕೈಯಿಂದಲೇ ಬರೆದೆ. ವ್ಯಾಪ್ತಿಗಳ ಸರಾಸರಿ 17 ಮೈಕ್ರಾನ್. ಐದರ ಗುಂಪಿಗೆ ಇರುವ 0.577 ಎಂಬ ಗುಣಕದಿಂದ ಗುಣಿಸಿದರೆ ಸರಾಸರಿಯ ಮಿತಿಗಳು ಮಧ್ಯರೇಖೆಯಿಂದ 9.8 ಮೈಕ್ರಾನ್ ಮೇಲೆ, ಅಷ್ಟೇ ಕೆಳಗೆ. ಮಧ್ಯರೇಖೆ 22.000 ಆಗದೆ 21.996ರಲ್ಲಿ ನಿಂತಿತ್ತು, ಸಣ್ಣ ಪಿನ್ನುಗಳೇ ಏಕೆ ಹೆಚ್ಚು ಎಂಬುದಕ್ಕೆ ಅರ್ಧ ಉತ್ತರ ಅಲ್ಲಿಯೇ ಇತ್ತು. ಉಳಿದಂತೆ ಚಾರ್ಟು ನನಗೆ ಬಹಳ ಸುಂದರವಾಗಿ ಕಂಡಿತು: ಒಂದು ಬಿಂದುವೂ ಮಿತಿ ದಾಟಿರಲಿಲ್ಲ, ಎಲ್ಲವೂ ಮಧ್ಯರೇಖೆಯ ಆಚೀಚೆ 3 ಮೈಕ್ರಾನಿನೊಳಗೇ ಇದ್ದವು. ಪ್ರಕ್ರಿಯೆ ಹತೋಟಿಯಲ್ಲಿದೆ ಎಂದು ಕೆಳಗೆ ಬರೆದು ಗೈಡ್ ಮುಂದೆ ಇಟ್ಟೆ.

ಅವರು ಚಾರ್ಟನ್ನು ಬಹಳ ಹೊತ್ತು ನೋಡಿ, ‘ಇದು ಇರಬೇಕಾದದ್ದಕ್ಕಿಂತ ಚೆನ್ನಾಗಿದೆಯಲ್ಲ’ ಎಂದರು. ಮಿತಿಗಳ ಮೂರನೇ ಒಂದು ಭಾಗದೊಳಗೇ 25 ಬಿಂದುಗಳೂ ಕೂರುವುದು ಸಹಜವಲ್ಲ, ಸಹಜ ಪ್ರಕ್ರಿಯೆಯಲ್ಲಿ ಸುಮಾರು ಎಂಟು ಬಿಂದುಗಳಾದರೂ ಅದರ ಹೊರಗೆ ಚೆಲ್ಲಿರಬೇಕು. ಗುಂಪು ಬಿಟ್ಟು ಒಂದೊಂದೇ ಪಿನ್ನಿನ ಅಳತೆಯನ್ನು ಸಾಲಾಗಿ ಬರೆ ಎಂದು ಹಾಳೆ ಹಿಂದಿರುಗಿಸಿದರು. ಹಾಗೆ ಬರೆದಾಗ ಚಿತ್ರವೇ ಬದಲಾಯಿತು: ಒಂದು ಮೇಲೆ ಹೋದರೆ ಮುಂದಿನದು ಕೆಳಗೆ, ಅದರ ಮುಂದಿನದು ಮತ್ತೆ ಮೇಲೆ, ಗರಗಸದ ಹಲ್ಲಿನಂತೆ. ಪಕ್ಕಪಕ್ಕದ ಪಿನ್ನುಗಳು ಒಂದರ ತಪ್ಪನ್ನು ಇನ್ನೊಂದು ತೀರಿಸುತ್ತಿದ್ದದ್ದರಿಂದ ಐದರ ಸರಾಸರಿ ಅಲುಗಾಡದೆ ನಿಂತಿತ್ತು. ಆ 125ರಲ್ಲಿ 7 ಪಿನ್ನುಗಳು ಡ್ರಾಯಿಂಗಿನ ಮಿತಿಯ ಹೊರಗಿದ್ದವು, ನನ್ನ ಸುಂದರವಾದ ಚಾರ್ಟಿನಲ್ಲಿ ಅವುಗಳ ಸುಳಿವೇ ಇರಲಿಲ್ಲ.

ಮರುದಿನ ನಾನು ಪಿನ್ನುಗಳನ್ನು ನೋಡುವುದು ಬಿಟ್ಟು ಆಪರೇಟರ್ ಕಾಕಾ ಅವರ ಕೆಲಸವನ್ನು ನೋಡಿದೆ. ಅವರು ಪಿನ್ ಹೊರಬಂದ ಕೂಡಲೇ ಬಟ್ಟೆಯಿಂದ ಕೂಲಂಟ್ (ತಣಿಸುವ ದ್ರವ) ಒರೆಸಿ, ಅಳೆದು, 22.006 ಬಂದರೆ ಆಫ್‌ಸೆಟ್ಟಿನಲ್ಲಿ (ಉಳಿಯ ಸ್ಥಾನವನ್ನು ಸರಿಸಲು ಯಂತ್ರಕ್ಕೆ ಕೊಡುವ ಅಂಕಿ) 6 ಮೈಕ್ರಾನ್ ಕಡಿಮೆ ಮಾಡುತ್ತಿದ್ದರು, 21.995 ಬಂದರೆ 5 ಹೆಚ್ಚಿಸುತ್ತಿದ್ದರು, ಹೆಚ್ಚುಕಡಿಮೆ ಪ್ರತಿ ಪಿನ್ನಿಗೂ. ಅದಕ್ಕಿಂತ ಶ್ರದ್ಧೆಯಿಂದ ಕೆಲಸ ಮಾಡುವವರನ್ನು ನಾನು ಕಂಡಿಲ್ಲ. ‘ಕಾಕಾ, ಪ್ರತಿ ಸಲ ಯಾಕ ಬದಲಿ ಮಾಡ್ತೀರಿ?’ ಎಂದು ಕೇಳಿದೆ. ‘ತಂಗೀ, ನಾ ಕೈ ಹಚ್ಚಲಾರದ ಬಿಟ್ರ ಪೀಸ್ ಹೋಗ್ತಾವ. ಹೋದ್ರ ಬರದು ಕೊಡಾಂವ ನಾನ’ ಎಂದರು.

ಅವರ ಕೈಯಲ್ಲಿದ್ದ ಪಿನ್ನನ್ನು ಕೇಳಿ ಪಡೆದೆ, ಅದು ಬೆಚ್ಚಗಿತ್ತು. ಅವರ ಅಳತೆ 22.007. ಅದನ್ನು ಕಬ್ಬಿಣದ ತಟ್ಟೆಯ ಮೇಲೆ ಕಾಲು ಗಂಟೆ ಇಟ್ಟು ಅದೇ ಮೈಕ್ರೋಮೀಟರಿನಿಂದ ಅದೇ ಜಾಗದಲ್ಲಿ ಅಳೆದಾಗ 22.003. ಉಕ್ಕು ಪ್ರತಿ ಮೀಟರಿಗೆ ಪ್ರತಿ ಡಿಗ್ರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ, ಅಂದರೆ 22 ಮಿ.ಮೀ. ವ್ಯಾಸಕ್ಕೆ ಡಿಗ್ರಿಗೆ ಕಾಲು ಮೈಕ್ರಾನ್. ಹದಿನಾರು ಡಿಗ್ರಿ ಬಿಸಿಗೆ 4 ಮೈಕ್ರಾನ್. ಬಿಸಿ ಪಿನ್ನು 22.000 ತೋರಿಸುವಂತೆ ಅವರು ಯಂತ್ರವನ್ನು ಸರಿಮಾಡುತ್ತಿದ್ದರು, ಆರಿದ ಮೇಲೆ ಅದು 21.996 ಆಗುತ್ತಿತ್ತು. ಮಧ್ಯರೇಖೆ ಜಾರಿದ್ದರ ಕಾರಣ ಇದು.

ಗರಗಸದ ಕಾರಣ ಬೇರೆ. ಲಾಳಿಕೆಯ ಮೂಲಕ ಗೋಲಿ ಬಿಟ್ಟು ಅದು ನಿಂತ ಜಾಗವನ್ನು ಗುರುತಿಸುವ ಪ್ರಯೋಗವನ್ನೂ ಡೆಮಿಂಗ್ ತಮ್ಮ ತರಗತಿಗಳಲ್ಲಿ ತೋರಿಸುತ್ತಿದ್ದರು. ಗೋಲಿ ಗುರಿಯಿಂದ ಎಷ್ಟು ದೂರ ಹೋಯಿತೋ ಅಷ್ಟು ದೂರ ಲಾಳಿಕೆಯನ್ನು ಪ್ರತಿ ಸಲ ಎದುರು ದಿಕ್ಕಿಗೆ ಸರಿಸಿದರೆ ಗೋಲಿಗಳ ಚದುರುವಿಕೆ ಕಡಿಮೆಯಾಗುವುದಿಲ್ಲ, ಅದರ ವೇರಿಯನ್ಸ್ (ಚದುರುವಿಕೆಯ ಒಂದು ಅಳತೆ) ಎರಡು ಪಟ್ಟಾಗುತ್ತದೆ. ಲಾಳಿಕೆಯನ್ನು ಮುಟ್ಟದೆ ಬಿಡುವುದೇ ಉತ್ತಮ. ಒಂದು ಪಿನ್ನು 6 ಮೈಕ್ರಾನ್ ದಪ್ಪ ಬಂದದ್ದು ಯಂತ್ರದ ಸಹಜ ಏರುಪೇರಾಗಿದ್ದರೆ ಮುಂದಿನ ಪಿನ್ನಿಗೆ ಆ 6 ಇರುವುದೇ ಇಲ್ಲ, ಅದನ್ನು ಕಳೆದಾಗ ಮುಂದಿನದು ಅನ್ಯಾಯವಾಗಿ ಸಣ್ಣದಾಗುತ್ತದೆ. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ವಾಲ್ಟರ್ ಶೂಹಾರ್ಟ್ 1924ರ ಮೇ ತಿಂಗಳಲ್ಲಿ ಒಂದು ಪುಟದ ಟಿಪ್ಪಣಿಯಲ್ಲಿ ಮೊದಲ ಕಂಟ್ರೋಲ್ ಚಾರ್ಟ್ ಬರೆದುಕೊಟ್ಟದ್ದೇ ಯಾವಾಗ ಕೈ ಹಾಕಬೇಕು, ಯಾವಾಗ ಸುಮ್ಮನಿರಬೇಕು ಎಂಬುದನ್ನು ಬೇರ್ಪಡಿಸಲಿಕ್ಕೆ. ಅದೇ ಶೂಹಾರ್ಟ್ 1947-48ರಲ್ಲಿ ನಮ್ಮ ದೇಶದ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಅವರ ಆಹ್ವಾನದ ಮೇಲೆ ಭಾರತಕ್ಕೆ ಬಂದು ಇಲ್ಲಿನ ಕಾರ್ಖಾನೆಗಳಲ್ಲಿ ಈ ವಿದ್ಯೆಯ ಪ್ರಚಾರಕ್ಕೆ ನೆರವಾದರು ಎಂದು ಓದಿದ್ದೆ. ಅಷ್ಟು ಹಿಂದೆ ಈ ನೆಲಕ್ಕೆ ಬಂದ ವಿದ್ಯೆ ಉದ್ಯಮಬಾಗದ ಈ ಲೇತಿನ ತನಕ ತಲುಪಿರಲಿಲ್ಲ ಎಂಬುದು ನನಗೆ ನೋವು ತಂದಿತು.

ಆದರೆ ಇದನ್ನು ಕಾಕಾ ಅವರಿಗೆ ಉಪನ್ಯಾಸದ ಮೂಲಕ ಹೇಳುವಂತಿರಲಿಲ್ಲ. ಮಾಲೀಕರನ್ನು ಒಪ್ಪಿಸಿ ಒಂದು ಶಿಫ್ಟನ್ನು ಎರಡು ಭಾಗ ಮಾಡಿದೆವು. ಮೊದಲ ಅರ್ಧದಲ್ಲಿ 50 ಪಿನ್ನು ಅವರ ಪದ್ಧತಿಯಂತೆ. ಎರಡನೆಯ ಅರ್ಧದಲ್ಲಿ ಮೊದಲ ಐದು ಪಿನ್ನುಗಳನ್ನು ತಣ್ಣಗಾಗಿಸಿ ಅಳೆದು, ಸರಾಸರಿ 22.000 ಬರುವಂತೆ ಒಂದೇ ಸಲ ಆಫ್‌ಸೆಟ್ ಕೂರಿಸಿ, ಆಮೇಲೆ 50 ಪಿನ್ನುಗಳ ತನಕ ಯಾರೂ ಮುಟ್ಟಬಾರದು. ಅಷ್ಟರಲ್ಲಿ ತಿರಸ್ಕೃತ ಪಿನ್ನು ಬಂದರೆ ಅದರ ಹೊಣೆ ಪ್ರಾಜೆಕ್ಟಿನದು ಎಂದು ಮಾಲೀಕರು ಕಾಗದದ ಮೇಲೆ ಬರೆದುಕೊಟ್ಟರು. ಆ ಕಾಗದವಿಲ್ಲದಿದ್ದರೆ ಪ್ರಯೋಗ ನಡೆಯುತ್ತಿರಲಿಲ್ಲ. ಎರಡನೆಯ ಅರ್ಧದಲ್ಲಿ ಕಾಕಾ ಎರಡು ಮೂರು ಸಲ ಅರಿವಿಲ್ಲದೆಯೇ ಪ್ಯಾನೆಲ್ಲಿನತ್ತ ಕೈ ಚಾಚಿ ಹಿಂದೆಗೆದದ್ದು ನನಗೆ ಇನ್ನೂ ಕಣ್ಣ ಮುಂದಿದೆ.

ಸಂಜೆ ಎರಡೂ ಟ್ರೇಗಳನ್ನು ಅಳೆಯುತ್ತಾ ಹೋದಂತೆ ಗ್ರಾಫ್ ಹಾಳೆಯ ಮೇಲೆ ಗೀಟುಗಳನ್ನು ಎಳೆದವರು ಕಾಕಾ ಅವರೇ. ಹಾಗೆಯೇ ಆಗಬೇಕೆಂದು ನಾನು ಪೆನ್ಸಿಲನ್ನು ಅವರ ಕೈಗೆ ಕೊಟ್ಟಿದ್ದೆ. ಮೊದಲ ಟ್ರೇ 21.980ರಿಂದ 22.012ರ ತನಕ ಹರಡಿತ್ತು, ಮೂರು ಪಿನ್ನು ಕೆಳಮಿತಿಯ ಹೊರಗೆ. ಎರಡನೆಯದು 21.988ರಿಂದ 22.011, ಐವತ್ತೂ ಒಳಗೆ. ಅವರು ಎರಡು ಸಾಲುಗಳನ್ನೂ ಬೆರಳಿನಿಂದ ಸವರಿ, ‘ಅಂದ್ರ ಮಶೀನ್ ಸರೀನ ಇತ್ತು, ನಾವ ಅದನ್ನ ಅಲುಗಾಡಸ್ತಿದ್ವಿ’ ಎಂದರು.

ಅದಾದ ಮೇಲೆ ಪದ್ಧತಿ ಬದಲಾಯಿತು. ಗಂಟೆಗೊಮ್ಮೆ ಸಾಲಾಗಿ ಬಂದ ಐದು ಪಿನ್ನುಗಳನ್ನು ತಣ್ಣಗಾಗಿಸಿ ಅಳೆದು, ಯಂತ್ರದ ಪಕ್ಕದ ಗೋಡೆಯ ಚಾರ್ಟಿನಲ್ಲಿ ಕಾಕಾ ಬಿಂದು ಇಡುತ್ತಿದ್ದರು, ಬಿಂದು ಮಿತಿ ದಾಟಿದರೆ ಮಾತ್ರ ಆಫ್‌ಸೆಟ್. ವ್ಯಾಪ್ತಿಗಳ ಸರಾಸರಿ 17ರಿಂದ 11.6ಕ್ಕೆ ಇಳಿಯಿತು, ಅದನ್ನು ಐದರ ಗುಂಪಿಗೆ ಇರುವ 2.326ರಿಂದ ಭಾಗಿಸಿದರೆ ಸಿಗ್ಮಾ (ಏರುಪೇರಿನ ಅಳತೆ) 5 ಮೈಕ್ರಾನ್, ಅಂದರೆ ಸಿಪಿ (ಟಾಲರೆನ್ಸನ್ನು ಆರು ಸಿಗ್ಮಾದಿಂದ ಭಾಗಿಸಿದ ಅಂಕಿ) ಸರಿಯಾಗಿ 1. ಹಿಂದೆ ಅದು 0.68 ಇತ್ತು. ಮುಂದಿನ ಹತ್ತು ದಿನಗಳ ಸುಮಾರು 1,200 ಪಿನ್ನುಗಳಲ್ಲಿ 5 ತಿರಸ್ಕೃತವಾದವು. ಇದಕ್ಕಾಗಿ ಹೊಸ ಯಂತ್ರವನ್ನಾಗಲಿ ಹೊಸ ಉಪಕರಣವನ್ನಾಗಲಿ ಕೊಳ್ಳಲಿಲ್ಲ. ಕೈ ಹಚ್ಚುವುದು ನಿಂತ ಮೇಲೆ ಹಿಂದೆ ಕಾಣದಿದ್ದ ಇನ್ನೊಂದು ಸಂಗತಿಯೂ ಚಾರ್ಟಿನಲ್ಲಿ ಕಂಡಿತು. ಇನ್ಸರ್ಟ್ (ಉಳಿಯ ತುದಿಯ ಕತ್ತರಿಸುವ ತುಂಡು) ಸವೆದಂತೆ ಪಿನ್ನು 15ಕ್ಕೆ 1 ಮೈಕ್ರಾನಿನಂತೆ ನಿಧಾನವಾಗಿ ದಪ್ಪವಾಗುತ್ತಾ ಹೋಗುತ್ತಿತ್ತು. ಇದು ನಿಜವಾದ ಕಾರಣ, ಇದಕ್ಕೆ ಕೈ ಹಾಕಲೇಬೇಕು. ಹಾಗಾಗಿ 60 ಪಿನ್ನಿಗೊಮ್ಮೆ 4 ಮೈಕ್ರಾನ್ ಕಡಿಮೆ ಮಾಡುವ ನಿಯಮ ಸೇರಿಸಿದೆವು, ಅದನ್ನು ಸೂಚಿಸಿದವರೂ ಕಾಕಾ ಅವರೇ.

ಈಗ ನಾನು ಇದೇ ಕೆಲಸವನ್ನು ವೃತ್ತಿಯಾಗಿ ಮಾಡುತ್ತಿದ್ದೇನೆ, ಪ್ರಾಜೆಕ್ಟಿಗೆ ಬರುವ ವಿದ್ಯಾರ್ಥಿಗಳನ್ನೂ ನೋಡುತ್ತೇನೆ. ಅವರು ಸಾಫ್ಟ್‌ವೇರಿನಿಂದ ಹತ್ತು ಬಗೆಯ ಚಾರ್ಟುಗಳನ್ನು ನಿಮಿಷದಲ್ಲಿ ತರುತ್ತಾರೆ, ಅದು ತಪ್ಪಲ್ಲ. ನಾನು ಅವರಿಗೆ ಮೊದಲ ಎರಡು ವಾರ ಗ್ರಾಫ್ ಹಾಳೆ, ಪೆನ್ಸಿಲ್ ಕೊಟ್ಟು ಯಂತ್ರದ ಪಕ್ಕ ನಿಲ್ಲಿಸುತ್ತೇನೆ, ಅಂಕಿ ಹುಟ್ಟುವ ಕ್ಷಣದಲ್ಲಿ ಪಿನ್ನು ಬಿಸಿಯಿತ್ತೇ, ಅಳೆದವರು ಯಾರು, ಅಳೆದ ಮೇಲೆ ಅವರು ಏನು ಮಾಡಿದರು ಎಂಬುದನ್ನು ಅಂಕಿಯ ಪಕ್ಕದಲ್ಲೇ ಬರೆಯಲು ಹೇಳುತ್ತೇನೆ.

ನಮ್ಮ ಪ್ರಾಜೆಕ್ಟು ಪೂರ್ಣವಾಯಿತು ಎಂದು ನಾನು ಹೇಳಲಾರೆ. ಗ್ರಾಹಕರು ಕೇಳಿದ್ದು ಸಿಪಿಕೆ (ಸರಾಸರಿ ನಡುವಿನಿಂದ ಸರಿದದ್ದನ್ನೂ ಲೆಕ್ಕಕ್ಕೆ ಹಿಡಿಯುವ ಸಿಪಿ) 1.33, ನಾವು ತಲುಪಿದ್ದು 0.95. ಉಳಿದ 5 ಮೈಕ್ರಾನಿನ ಸಿಗ್ಮಾ ಯಂತ್ರದ ಸ್ವಂತದ್ದು, ಅದನ್ನು ಆಪರೇಟರ್ ಎಷ್ಟು ಜಾಗರೂಕರಾದರೂ ಇಳಿಸಲು ಬರುವುದಿಲ್ಲ. ಸ್ಪಿಂಡಲ್ ಬೇರಿಂಗು, ಲೇತಿನಲ್ಲಿ ಸರಳನ್ನು ಹಿಡಿಯುವ ಕೋಲೆಟ್ಟಿನ ಹಿಡಿತ, ಬೆಳಗ್ಗೆ ಯಂತ್ರ ಬಿಸಿಯೇರುವ ಮುನ್ನಿನ ಮೊದಲ ಅರ್ಧ ಗಂಟೆ, ಈ ಮೂರನ್ನೂ ಪರೀಕ್ಷಿಸಬೇಕೆಂದು ವರದಿಯ ಕೊನೆಯ ಪುಟದಲ್ಲಿ ಬರೆದು, ಕಾಕಾ ಇಟ್ಟ ಬಿಂದುಗಳ ಹತ್ತು ದಿನದ ಚಾರ್ಟನ್ನು ಅದಕ್ಕೆ ಲಗತ್ತಿಸಿ ಮುಂದಿನ ಬ್ಯಾಚಿನ ಇಬ್ಬರು ವಿದ್ಯಾರ್ಥಿಗಳ ಕೈಗೆ ಕೊಟ್ಟೆ.