ಚುನಾವಣಾ ನೀತಿ ಸಂಹಿತೆ ಉಲ್ಲಂಘನೆ: ಗಡಿನಾಡಿನ ಮತದಾರ ದೂರು ಕೊಡುವುದು ಹೇಗೆ?

ಚುನಾವಣಾ ಆಯೋಗ ವೇಳಾಪಟ್ಟಿ ಪ್ರಕಟಿಸಿದ ಕ್ಷಣದಿಂದ ಚುನಾವಣಾ ಪ್ರಕ್ರಿಯೆ ಮುಗಿಯುವವರೆಗೆ ಮಾದರಿ ನೀತಿ ಸಂಹಿತೆ ಜಾರಿಯಲ್ಲಿರುತ್ತದೆ. ಇದು ಮೊದಲು ರೂಪುಗೊಂಡದ್ದು 1960ರ ಕೇರಳ ವಿಧಾನಸಭಾ ಚುನಾವಣೆಯ ಹೊತ್ತಿಗೆ. 1962ರಲ್ಲಿ ಆಯೋಗ ಅದನ್ನು ದೇಶದ ಪಕ್ಷಗಳಿಗೆಲ್ಲ ಕಳುಹಿಸಿತು, 1979ರಲ್ಲಿ ಆಡಳಿತ ಪಕ್ಷಕ್ಕೆ ಕಡಿವಾಣ ಹಾಕುವ ಭಾಗವನ್ನು ಸೇರಿಸಿತು. ಸಂಹಿತೆಯ ತವರು ಕೇರಳವೇ ಆದರೂ ಕಾಸರಗೋಡಿನ ನಮ್ಮಲ್ಲಿ ಹಲವರಿಗೆ ಅದು ಫ್ಲೆಕ್ಸ್ ತೆಗೆಸುವ ಆಜ್ಞೆಯಾಗಿ ಮಾತ್ರ ಪರಿಚಯ. ಮಂಜೇಶ್ವರದಲ್ಲಿ 2016ರ ಫಲಿತಾಂಶ ನಿರ್ಧಾರವಾದದ್ದು 89 ಮತಗಳ ಅಂತರದಿಂದ. ಅಂಥ ಕ್ಷೇತ್ರದಲ್ಲಿ ಒಂದು ವಠಾರದಲ್ಲಿ ಹಂಚಿದ ಹಣವನ್ನೂ ಸಣ್ಣ ಸಂಗತಿಯೆಂದು ತಳ್ಳಿಹಾಕುವಂತಿಲ್ಲ.

ದೂರು ಕೊಡುವ ಮುನ್ನ, ಕಣ್ಣಿಗೆ ಬಿದ್ದ ತಪ್ಪು ಸಂಹಿತೆಗೆ ಸೇರಿದ್ದೋ ಕಾನೂನಿಗೆ ಸೇರಿದ್ದೋ ಎಂದು ಗುರುತಿಸಿಕೊಳ್ಳಬೇಕು. ಸಂಹಿತೆ ಸಂಸತ್ತು ಮಾಡಿದ ಶಾಸನವಲ್ಲ. ಪಕ್ಷಗಳ ಸಮ್ಮತಿಯಿಂದ ಬೆಳೆದು, ಸಂವಿಧಾನದ 324ನೆಯ ವಿಧಿ ಆಯೋಗಕ್ಕೆ ಕೊಟ್ಟ ಅಧಿಕಾರದ ಬಲದಲ್ಲಿ ನಡೆಯುವ ನಿಯಮಾವಳಿ. ಸಚಿವರು ಸರಕಾರಿ ಪ್ರವಾಸದೊಂದಿಗೆ ಪ್ರಚಾರವನ್ನು ಬೆರೆಸುವುದು, ಶಂಕುಸ್ಥಾಪನೆ ನಡೆಸುವುದು, ಮನೆಯವರ ಒಪ್ಪಿಗೆಯಿಲ್ಲದೆ ಗೋಡೆಗೆ ಭಿತ್ತಿಪತ್ರ ಅಂಟಿಸುವುದು ಸಂಹಿತೆಯ ಉಲ್ಲಂಘನೆಗಳು. ಇವುಗಳಿಗೆ ಆಯೋಗ ನೋಟಿಸು ಕೊಡಬಹುದು, ಛೀಮಾರಿ ಹಾಕಬಹುದು, ಪ್ರಚಾರಕನನ್ನು ಕೆಲವು ದಿನ ಪ್ರಚಾರದಿಂದ ದೂರವಿಡಬಹುದು. ಹಣ ಹಂಚುವುದು, ಬೆದರಿಸುವುದು, ಧರ್ಮ ಅಥವಾ ಜಾತಿಯ ಹೆಸರಿನಲ್ಲಿ ಮತ ಕೇಳುವುದು ಹಾಗಲ್ಲ. ಅವು 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯಲ್ಲಿ ಭ್ರಷ್ಟ ಆಚರಣೆಗಳು. ಆಯ್ಕೆಯನ್ನೇ ರದ್ದುಪಡಿಸುವಷ್ಟು ತೂಕ ಅವುಗಳಿಗಿದೆ.

ಇದೇ ಕಾಯ್ದೆಯ 123(3)ನೆಯ ಕಲಮಿನಲ್ಲಿ ಧರ್ಮ, ಜಾತಿಗಳ ಜೊತೆ ಭಾಷೆಯೂ ಇದೆ ಎಂಬುದನ್ನು ಗಡಿನಾಡಿನ ಕನ್ನಡಿಗರು ವಿಶೇಷವಾಗಿ ಗಮನಿಸಬೇಕು. ‘ನಾನು ಕನ್ನಡಿಗ, ಆದ್ದರಿಂದ ನನಗೆ ಮತ ಕೊಡಿ’ ಎಂದಾಗಲಿ, ‘ಎದುರಾಳಿ ಮಲಯಾಳಿ, ಅವನಿಗೆ ಕೊಡಬೇಡಿ’ ಎಂದಾಗಲಿ ಅಭ್ಯರ್ಥಿ ಕೇಳಿಕೊಂಡರೆ ಅದು ಭ್ರಷ್ಟ ಆಚರಣೆ. ಆದರೆ ಕನ್ನಡ ಶಾಲೆಗಳಿಗೆ ಕನ್ನಡ ಬಲ್ಲ ಅಧ್ಯಾಪಕರನ್ನೇ ನೇಮಿಸುವಂತೆ ಹೋರಾಡುತ್ತೇನೆ, ಕಚೇರಿಯ ಅರ್ಜಿ ನಮೂನೆಗಳು ಕನ್ನಡದಲ್ಲಿ ಸಿಗುವಂತೆ ಮಾಡುತ್ತೇನೆ ಎನ್ನುವುದಕ್ಕೆ ಅಡ್ಡಿಯಿಲ್ಲ. ಮತದಾರರ ಭಾಷೆಯನ್ನು ಸಂರಕ್ಷಿಸಲು ದುಡಿಯುತ್ತೇನೆಂಬ ಭರವಸೆ ಭ್ರಷ್ಟ ಆಚರಣೆಯಾಗದೆಂದು ಸರ್ವೋಚ್ಚ ನ್ಯಾಯಾಲಯ 1964ರಲ್ಲಿ ಜಗದೇವ್ ಸಿಂಗ್ ಸಿದ್ಧಾಂತಿ ಪ್ರಕರಣದಲ್ಲಿ ಹೇಳಿದೆ. ತಮ್ಮ ಭಾಷೆಯನ್ನು ಉಳಿಸಿಕೊಳ್ಳುವ ಹಕ್ಕನ್ನು ಸಂವಿಧಾನದ 29ನೆಯ ವಿಧಿಯೇ ಕೊಟ್ಟಿರುವಾಗ ಅದಕ್ಕಾಗಿ ರಾಜಕೀಯ ಮಾಡುವುದು ತಪ್ಪಾಗಲಾರದು ಎಂಬುದು ಅದರ ತಾತ್ಪರ್ಯ. 2017ರಲ್ಲಿ ಅಭಿರಾಂ ಸಿಂಗ್ ಪ್ರಕರಣದ ಏಳು ನ್ಯಾಯಮೂರ್ತಿಗಳ ಪೀಠ, ನಾಲ್ಕು–ಮೂರರ ಬಹುಮತದಿಂದ, ಅಭ್ಯರ್ಥಿಯ ಧರ್ಮ, ಭಾಷೆಗಳಷ್ಟೇ ಅಲ್ಲದೆ ಮತದಾರನ ಧರ್ಮ, ಭಾಷೆಗಳನ್ನು ಮುಂದಿಟ್ಟು ಮತ ಕೇಳುವುದೂ ನಿಷಿದ್ಧವೆಂದು ತೀರ್ಪಿತ್ತಿತು. ಹಾಗಾಗಿ ಭಾಷಣದ ಬಗ್ಗೆ ದೂರುವವರು ‘ಭಾಷಾ ದ್ವೇಷದ ಮಾತಾಡಿದರು’ ಎಂದು ಒಟ್ಟಾರೆಯಾಗಿ ಬರೆಯದೆ, ಆಡಿದ ವಾಕ್ಯವನ್ನೇ ಯಥಾವತ್ತಾಗಿ, ಸ್ಥಳ ಮತ್ತು ಸಮಯಸಹಿತ ದಾಖಲಿಸಬೇಕು. ಇಡೀ ದೂರು ನಿಲ್ಲುವುದು ಆ ವಾಕ್ಯದ ಮೇಲೆಯೇ.

ಮುಂದಿನ ಹಂತ ಸಾಕ್ಷ್ಯ ಸಂಗ್ರಹ. ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲಿ ಸ್ಥಳದಲ್ಲೇ ಫೋಟೊ ಅಥವಾ ಎರಡು ನಿಮಿಷದವರೆಗಿನ ವಿಡಿಯೊ ತೆಗೆದು ಕಳುಹಿಸಬೇಕು. ವಾಟ್ಸ್‌ಆ್ಯಪಿನಲ್ಲಿ ಬಂದದ್ದನ್ನು ಅದು ಸ್ವೀಕರಿಸುವುದಿಲ್ಲ. ಹೆಸರು ಹೇಳದೆಯೂ ದೂರಬಹುದಾದರೂ ಆಗ ದೂರಿನ ಮುಂದಿನ ಸ್ಥಿತಿ ತಿಳಿಯದು. 100 ನಿಮಿಷದೊಳಗೆ ಕ್ರಮ ಎಂಬುದು ಈ ವ್ಯವಸ್ಥೆಯ ಗುರಿ. ಚುನಾವಣೆ ನಡೆಯುತ್ತಿರುವ ಪ್ರದೇಶದೊಳಗಷ್ಟೇ ಆ್ಯಪ್ ಕೆಲಸ ಮಾಡುವುದರಿಂದ ತಲಪಾಡಿಯ ಆಸುಪಾಸಿನವರು ಗಡಿಯ ಯಾವ ಬದಿಯಲ್ಲಿದ್ದೇವೆಂದು ನೋಡಿಕೊಳ್ಳಬೇಕು. 2024ರ ಏಪ್ರಿಲ್ 26ರಂದು ದಕ್ಷಿಣ ಕನ್ನಡ, ಕಾಸರಗೋಡು ಎರಡರಲ್ಲೂ ಮತದಾನ ನಡೆಯಿತು. ಆದರೆ 2023ರ ಕರ್ನಾಟಕ ವಿಧಾನಸಭಾ ಚುನಾವಣೆಯ ಸಂಹಿತೆ ಗಡಿಯ ಆಚೆಗಷ್ಟೇ ಅನ್ವಯಿಸಿತ್ತು. ಪಂಚಾಯತು ಚುನಾವಣೆಯನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗವಾದ್ದರಿಂದ ಅದರ ದೂರುಗಳಿಗೆ ದಾರಿಯೇ ಬೇರೆ.

ಕರಪತ್ರ ಕೈಗೆ ಸಿಕ್ಕರೆ ಅದರ ಅಡಿಯಲ್ಲಿ ಮುದ್ರಕ ಮತ್ತು ಪ್ರಕಾಶಕರ ಹೆಸರು, ವಿಳಾಸ ಇದೆಯೇ ಎಂದು ಮೊದಲು ನೋಡಿ. ಇಲ್ಲದಿದ್ದರೆ ಜನತಾ ಪ್ರಾತಿನಿಧ್ಯ ಕಾಯ್ದೆಯ 127ಎ ಕಲಮಿನಡಿ ಆರು ತಿಂಗಳವರೆಗಿನ ಸೆರೆಮನೆವಾಸ ಅಥವಾ 2,000 ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದು. ಮಂಗಳೂರಿನಲ್ಲಿ ಮುದ್ರಿಸಿದ ಕನ್ನಡ ಕರಪತ್ರದ ಪ್ರತಿಯನ್ನು ಮುದ್ರಕರು ಸಲ್ಲಿಸಬೇಕಾದದ್ದು ದಕ್ಷಿಣ ಕನ್ನಡದ ಜಿಲ್ಲಾ ದಂಡಾಧಿಕಾರಿಗೆ.

ಮತದಾನ ಮುಗಿಯುವ ಹೊತ್ತಿಗೆ 48 ಗಂಟೆ ಮುಂಚೆ ಬಹಿರಂಗ ಪ್ರಚಾರ ನಿಲ್ಲುತ್ತದೆ. ಪುತ್ತೂರು, ಮಂಗಳೂರುಗಳಿಂದ ಪ್ರಚಾರಕ್ಕೆಂದು ಬಂದ, ಕ್ಷೇತ್ರದ ಮತದಾರರಲ್ಲದ ನಾಯಕರು ಆಗ ಕ್ಷೇತ್ರ ಬಿಟ್ಟು ತೆರಳಬೇಕು. ತಪಾಸಣಾ ಠಾಣೆಗಳಲ್ಲಿ ಜನಸಾಮಾನ್ಯರಿಗೂ ಬಿಸಿ ತಟ್ಟುವುದುಂಟು. ಅಡಿಕೆ ಮಾರಿದ ಹಣವನ್ನೋ ಮಂಗಳೂರಿನ ಆಸ್ಪತ್ರೆಗೆ ಕಟ್ಟಬೇಕಾದ ಹಣವನ್ನೋ 50,000 ರೂಪಾಯಿಗಿಂತ ಹೆಚ್ಚು ಒಯ್ಯುವವರು ಮಾರಾಟದ ರಶೀದಿ, ಬ್ಯಾಂಕಿನ ಚೀಟಿ ಇಟ್ಟುಕೊಳ್ಳುವುದು ಕ್ಷೇಮ. ಚುನಾವಣೆಗೆ ಸಂಬಂಧವಿಲ್ಲದ ಹಣ ವಶವಾದರೆ ಬಿಡಿಸಿಕೊಳ್ಳಲು ಜಿಲ್ಲಾ ಮಟ್ಟದಲ್ಲಿ ಮೂವರು ಅಧಿಕಾರಿಗಳ ಸಮಿತಿಯಿರುತ್ತದೆ.

ಲಿಖಿತ ದೂರನ್ನು ಚುನಾವಣಾಧಿಕಾರಿಗೆ ಅಥವಾ ಆಯೋಗದ ವೀಕ್ಷಕರಿಗೆ ಕನ್ನಡದಲ್ಲೇ ಬರೆದು ಕೊಡಿ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ, ಸ್ವೀಕೃತಿ ಕೇಳಿ ಪಡೆಯಲು ಸಂಕೋಚ ಬೇಡ. ಭ್ರಷ್ಟ ಆಚರಣೆಯ ಕಾರಣಕ್ಕೆ ಆಯ್ಕೆಯನ್ನೇ ಪ್ರಶ್ನಿಸಬೇಕಿದ್ದರೆ, ಆ ಕ್ಷೇತ್ರದ ಯಾವನೇ ಮತದಾರ ಅಥವಾ ಅಭ್ಯರ್ಥಿ 2,000 ರೂಪಾಯಿ ಠೇವಣಿಯೊಂದಿಗೆ ಕೇರಳ ಹೈಕೋರ್ಟಿನಲ್ಲಿ ಚುನಾವಣಾ ಅರ್ಜಿ ಹಾಕಬಹುದು. ಅರ್ಜಿ ಫಲಿತಾಂಶ ಘೋಷಣೆಯಾದ 45 ದಿನಗಳೊಳಗೆ ಸಲ್ಲಿಕೆಯಾಗಬೇಕು. ಈ ಗಡುವನ್ನು ವಿಸ್ತರಿಸಲು ಕಾಯ್ದೆಯಲ್ಲಿ ಅವಕಾಶವಿಲ್ಲ.