ಮನೆಯ ಒಂದು ವಸ್ತುವಿನ ಚರಿತ್ರೆ ಬರೆಯುವುದು ಹೇಗೆ: ಕುಕ್ಕರ್ ಮುಂದಿಟ್ಟುಕೊಂಡು ಒಂದು ವಿವರಣೆ

ದಿನಬಳಕೆಯ ಯಾವುದಾದರೂ ವಸ್ತುವಿನ ಚರಿತ್ರೆ ಬರೆಯಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ ‘ಇದನ್ನು ಕಂಡುಹಿಡಿದವರು ಯಾರು, ಯಾವ ಇಸವಿಯಲ್ಲಿ?’ ಎಂಬುದು. ಈ ಪ್ರಶ್ನೆಗೆ ಒಂದು ಹೆಸರು, ಒಂದು ಇಸವಿ ಸುಲಭವಾಗಿ ಸಿಕ್ಕಿಬಿಡುತ್ತವೆ, ಬರವಣಿಗೆಯೂ ಅಲ್ಲಿಗೇ ನಿಂತುಹೋಗುತ್ತದೆ. ಆದರೆ ಮನೆಯ ಪ್ರತಿಯೊಂದು ವಸ್ತುವಿಗೂ ಕನಿಷ್ಠ ನಾಲ್ಕು ಇಸವಿಗಳಿರುತ್ತವೆ: ಅದರ ಹಿಂದಿನ ಉಪಾಯ ಯಾರಿಗೋ ಹೊಳೆದ ಇಸವಿ, ಅದು ಅಂಗಡಿಯಲ್ಲಿ ಮಾರುವ ರೂಪಕ್ಕೆ ಬಂದ ಇಸವಿ, ನಮ್ಮ ದೇಶದಲ್ಲಿ ತಯಾರಾಗತೊಡಗಿದ ಇಸವಿ, ಕೊನೆಗೆ ನಮ್ಮ ಮನೆಯ ಹೊಸ್ತಿಲು ದಾಟಿ ಒಳಗೆ ಬಂದ ಇಸವಿ. ಈ ನಾಲ್ಕನ್ನೂ ಬೇರೆಬೇರೆಯಾಗಿ ಹುಡುಕಬೇಕು; ಹುಡುಕಿದ ಮೇಲೆ ಒಂದಕ್ಕೂ ಇನ್ನೊಂದಕ್ಕೂ ಇಷ್ಟು ಅಂತರ ಏಕೆ ಬಿತ್ತು ಎಂದು ಕೇಳಬೇಕು. ನಿಜವಾದ ಚರಿತ್ರೆ ಇರುವುದು ಆ ಅಂತರಗಳಲ್ಲಿಯೇ. ಈ ಕೆಲಸವನ್ನು ಮಾಡುವ ಬಗೆಯನ್ನು, ಎಲ್ಲರ ಅಡುಗೆಮನೆಯಲ್ಲಿಯೂ ಇರುವ ಪ್ರೆಶರ್ ಕುಕ್ಕರನ್ನು ಉದಾಹರಣೆಯಾಗಿಟ್ಟುಕೊಂಡು ಇಲ್ಲಿ ವಿವರಿಸುತ್ತೇನೆ.

ಪುಸ್ತಕಕ್ಕಾಗಲಿ ಇಂಟರ್‌ನೆಟ್ಟಿಗಾಗಲಿ ಕೈ ಹಾಕುವ ಮೊದಲು ವಸ್ತುವನ್ನೇ ಕೈಗೆತ್ತಿಕೊಳ್ಳಿ. ಕುಕ್ಕರನ್ನು ತೊಳೆದು ಒರೆಸಿ, ಬೆಳಕು ಚೆನ್ನಾಗಿ ಬೀಳುವ ಕಡೆ ಒಂದು ಬಿಳಿ ಬಟ್ಟೆಯ ಮೇಲಿಟ್ಟು, ಕಳಚಲು ಬರುವ ಭಾಗಗಳನ್ನೆಲ್ಲ ಕಳಚಿ ಸಾಲಾಗಿ ಜೋಡಿಸಿರಿ. ಪ್ರತಿ ಭಾಗದ ಎದುರಿಗೂ ಒಂದೇ ಪ್ರಶ್ನೆ ಬರೆದುಕೊಳ್ಳಿ: ಇದು ಇಲ್ಲದಿದ್ದರೆ ಏನಾಗುತ್ತಿತ್ತು? ರಬ್ಬರಿನ ಗ್ಯಾಸ್ಕೆಟ್ ಇಲ್ಲದಿದ್ದರೆ ಅಂಚಿನಿಂದ ಹಬೆ ಸೋರಿಹೋಗಿ ಕುಕ್ಕರ್ ಕೇವಲ ಮುಚ್ಚಳವಿರುವ ಪಾತ್ರೆಯಾಗುತ್ತಿತ್ತು. ಮುಚ್ಚಳದ ಮೇಲಿನ ವೆಯ್ಟ್ ಇಲ್ಲದಿದ್ದರೆ ಒತ್ತಡ ನಿಲ್ಲುತ್ತಲೇ ಇರಲಿಲ್ಲ. ಆ ವೆಯ್ಟನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದರೆ ಅದರ ಕೆಲಸ ತಾನಾಗಿ ಅರ್ಥವಾಗುತ್ತದೆ. ಸಣ್ಣ ರಂಧ್ರದ ಮೇಲೆ ಕೂರುವ ಅದು, ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂನಷ್ಟು ಹೆಚ್ಚಾದಾಗ ಮೇಲೇಳುತ್ತದೆ. ಹಬೆ ನುಗ್ಗಿ ಹೊರಬರುವ ಆ ಕ್ಷಣವನ್ನೇ ನಾವು ಕುಕ್ಕರ್ ಕೂಗಿತು ಎನ್ನುತ್ತೇವೆ. ಮುಚ್ಚಳದಲ್ಲಿ ಪಕ್ಕಕ್ಕಿರುವ ಚಿಕ್ಕ ಸೇಫ್ಟಿ ವಾಲ್ವಿನ ನಡುವೆ ಬೇಗ ಕರಗುವ ಮಿಶ್ರಲೋಹದ ಬಿಲ್ಲೆಯೊಂದಿರುತ್ತದೆ. ನೀರು ಬತ್ತಿ ಒಳಗೆ ಕಾವು ಮಿತಿ ಮೀರಿದರೆ ಆ ಬಿಲ್ಲೆ ಕರಗಿ ಹಬೆಗೆ ದಾರಿ ಬಿಡುತ್ತದೆ. ಹಲವು ಕುಕ್ಕರುಗಳಲ್ಲಿ ಮುಚ್ಚಳದ ಅಂಚಿನಲ್ಲಿಯೇ ಉದ್ದನೆಯ ಒಂದು ಕಿಂಡಿ ಕಾಣುತ್ತದೆ. ವೆಯ್ಟಿನ ರಂಧ್ರ ಕಟ್ಟಿಕೊಂಡು ಒತ್ತಡ ಏರಿದರೆ ಗ್ಯಾಸ್ಕೆಟ್ ಆ ಕಿಂಡಿಯಿಂದ ಹೊರಕ್ಕೆ ಉಬ್ಬಿ ಹಬೆಯನ್ನು ಬಿಟ್ಟುಕೊಡಲೆಂದು ಅದನ್ನು ಮಾಡಿರುತ್ತಾರೆ. ಹೀಗೆ ಒಂದರ ಮೇಲೊಂದು ರಕ್ಷಣೆಗಳು ಸೇರಿಕೊಂಡಿರುವುದನ್ನು ಕಂಡಾಗ, ಈ ಪಾತ್ರೆಯ ಚರಿತ್ರೆಯಲ್ಲಿ ಭಯಕ್ಕೂ ಒಂದು ಪಾತ್ರವಿದೆ ಎಂಬುದು ಕಾಗದಪತ್ರಗಳನ್ನು ನೋಡುವ ಮೊದಲೇ ತಿಳಿಯುತ್ತದೆ.

ಅನಂತರ ಅಕ್ಷರಗಳನ್ನು ಓದಿರಿ. ತಳದಲ್ಲಿ ಅಥವಾ ಹಿಡಿಯ ಬಳಿ ತಯಾರಕರ ಹೆಸರು, ಎಷ್ಟು ಲೀಟರಿನದು ಎಂಬುದು, ಐಎಸ್‌ಐ ಗುರುತು ಇರುತ್ತವೆ. ಗುರುತಿನ ಜೊತೆಗಿರುವ 2347 ಎಂಬ ಸಂಖ್ಯೆ ಮನೆಬಳಕೆಯ ಪ್ರೆಶರ್ ಕುಕ್ಕರಿಗೆ ನಿಗದಿಯಾಗಿರುವ ಭಾರತೀಯ ಮಾನಕದ್ದು. ಅಕ್ಷರ ಸವೆದಿದ್ದರೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ನೇರ ಬೆಳಕಿನಲ್ಲಿ ಮಾಯವಾಗಿದ್ದ ಗೆರೆಗಳು ಆಗ ನೆರಳಿನಿಂದ ಎದ್ದು ಕಾಣುತ್ತವೆ.

ಈಗ ಮೊದಲನೆಯ ಇಸವಿಗೆ ಬರೋಣ. ಇಲ್ಲಿ ಹುಡುಕಬೇಕಾದದ್ದು ವಸ್ತುವಿನ ಹೆಸರನ್ನಲ್ಲ, ಅದರ ಹಿಂದಿನ ತತ್ತ್ವವನ್ನು. ಮುಚ್ಚಿದ ಪಾತ್ರೆಯಲ್ಲಿ ಹಬೆಯನ್ನು ತಡೆದರೆ ನೀರಿನ ಕುದಿಬಿಂದು ಏರುತ್ತದೆ ಎಂಬುದೇ ಕುಕ್ಕರಿನ ತತ್ತ್ವ. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕುದಿಯುತ್ತದೆ. ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿದುಬಿಡುತ್ತದೆ. ಕುಕ್ಕರಿನೊಳಗೆ ಅದು 120 ಡಿಗ್ರಿಯ ಸಮೀಪಕ್ಕೆ ಹೋಗುತ್ತದೆ. ತೊಗರಿಬೇಳೆ ಬೇಯುವುದಕ್ಕೆ ಹಿಡಿಯುವ ಹೊತ್ತಿನಲ್ಲಿ ಕಾಣುವ ವ್ಯತ್ಯಾಸವೆಲ್ಲ ಈ ಇಪ್ಪತ್ತು ಚಿಲ್ಲರೆ ಡಿಗ್ರಿಗಳದು. ಈ ತತ್ತ್ವವನ್ನು ಅಡುಗೆಗೆ ತಂದವನು ಫ್ರಾನ್ಸಿನ ಬ್ಲುವಾ ಪಟ್ಟಣದ ಬಳಿ 1647ರಲ್ಲಿ ಹುಟ್ಟಿದ ಡೆನಿಸ್ ಪಾಪೆನ್. ವೈದ್ಯಶಾಸ್ತ್ರ ಓದಿ, ಪ್ಯಾರಿಸಿನಲ್ಲಿ ಕ್ರಿಸ್ತಿಯಾನ್ ಹೈಗೆನ್ಸನ ಜೊತೆ, ಆಮೇಲೆ ಲಂಡನ್ನಿನಲ್ಲಿ ರಾಬರ್ಟ್ ಬಾಯ್ಲ್‌ನ ಜೊತೆ ಕೆಲಸ ಮಾಡಿದ ಇವನು 1679ರಲ್ಲಿ ‘ಡೈಜೆಸ್ಟರ್’ ಎಂಬ ದಪ್ಪ ಲೋಹದ ಪಾತ್ರೆಯನ್ನು ಅಲ್ಲಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಮುಂದಿಟ್ಟನು. ಅದರ ಮುಚ್ಚಳವನ್ನು ತಿರುಪು ಹಾಕಿ ಬಿಗಿಯಬೇಕಾಗಿತ್ತು; ಒತ್ತಡ ಮಿತಿ ಮೀರದಿರಲೆಂದು ಸನ್ನೆಕೋಲಿನ ತುದಿಗೆ ತೂಕ ನೇತುಹಾಕಿದ ಒಂದು ವಾಲ್ವನ್ನೂ ಅವನು ಅದಕ್ಕೆ ಅಳವಡಿಸಿದನು. ನಿಮ್ಮ ಅಂಗೈಯಲ್ಲಿದ್ದ ವೆಯ್ಟಿನ ಮೂಲಪುರುಷ ಆ ವಾಲ್ವೇ. 1682ರ ಏಪ್ರಿಲ್ 12ರಂದು ಸೊಸೈಟಿಯ ಸದಸ್ಯರು ಈ ಪಾತ್ರೆಯಲ್ಲಿ ಬೇಯಿಸಿದ ಊಟವನ್ನು ಉಂಡರು. ಅವರಲ್ಲೊಬ್ಬನಾದ ಜಾನ್ ಎವೆಲಿನ್, ಎಂಥ ಗಟ್ಟಿ ಎಲುಬೂ ಚೀಸಿನಂತೆ ಮೆತ್ತಗಾಗಿತ್ತೆಂದೂ ಅದಕ್ಕೆ ಎಂಟು ಔನ್ಸಿಗಿಂತ ಕಡಿಮೆ ಕಲ್ಲಿದ್ದಲು ಸಾಕಾಯಿತೆಂದೂ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಎಂಟು ಔನ್ಸ್ ಎಂದರೆ ಕಾಲು ಕಿಲೋಗೂ ಕಡಿಮೆ. ಇಂಥ ಸಣ್ಣ ಅಳತೆ ಕಣ್ಣಿಗೆ ಬಿದ್ದಾಗ ಬಿಡದೆ ಬರೆದುಕೊಳ್ಳಿ. ಉರುವಲಿನ ಉಳಿತಾಯವೇ ಈ ಪಾತ್ರೆಯ ಆಕರ್ಷಣೆ ಎಂಬುದು ಅಂದಿನಿಂದ ಇಂದಿನವರೆಗೂ ಬದಲಾಗಿಲ್ಲ.

ಮಾರುಕಟ್ಟೆಯ ಇಸವಿ ಇದಕ್ಕಿಂತ ಬಹಳ ಈಚಿನದು. ಮನೆಯವರು ಸುಲಭವಾಗಿ ಬಳಸಬಹುದಾದ ಕುಕ್ಕರನ್ನು ಆಲ್ಫ್ರೆಡ್ ವಿಷರ್ ನ್ಯೂಯಾರ್ಕಿನಲ್ಲಿ ತೋರಿಸಿದ್ದು 1938ರಲ್ಲಿ. ಎರಡೂವರೆ ಶತಮಾನ ಈ ಪಾತ್ರೆ ಎಲ್ಲಿ ಕುಳಿತಿತ್ತು? ಉತ್ತರ ಬೇಕಾದರೆ ನೀವು ಸಾಲಾಗಿ ಜೋಡಿಸಿಟ್ಟ ಬಿಡಿಭಾಗಗಳ ಕಡೆಗೇ ತಿರುಗಬೇಕು. ಕಾವಿಗೆ ಕರಗದ, ಚಳಿಗೆ ಬಿರಿಯದ ಗ್ಯಾಸ್ಕೆಟ್ ಬೇಕೆಂದರೆ ಗಂಧಕ ಬೆರೆಸಿ ಹದಗೊಳಿಸಿದ ರಬ್ಬರ್ ಬೇಕು. ಆ ವಿಧಾನಕ್ಕೆ ಚಾರ್ಲ್ಸ್ ಗುಡ್‌ಇಯರ್ ಪೇಟೆಂಟ್ ಪಡೆದದ್ದು 1844ರಲ್ಲಿ. ಒಂದೇ ಕೈಯಲ್ಲಿ ಎತ್ತುವಷ್ಟು ಹಗುರಾದ ಪಾತ್ರೆ ಬೇಕೆಂದರೆ ಅಗ್ಗದ ಅಲ್ಯೂಮಿನಿಯಂ ಬೇಕು. ವಿದ್ಯುತ್ತಿನಿಂದ ಅದನ್ನು ಅದಿರಿನಿಂದ ಬೇರ್ಪಡಿಸುವ ವಿಧಾನವನ್ನು ಅಮೆರಿಕದ ಚಾರ್ಲ್ಸ್ ಹಾಲ್, ಫ್ರಾನ್ಸಿನ ಪಾಲ್ ಎರೂ ಇಬ್ಬರೂ ಒಬ್ಬರಿಗೊಬ್ಬರು ತಿಳಿಯದಂತೆ ಕಂಡುಕೊಂಡದ್ದು 1886ರಲ್ಲಿ. ಕಾವನ್ನು ಬೇಕೆಂದಾಗ ತಟ್ಟನೆ ತಗ್ಗಿಸುವಂಥ ಒಲೆಯೂ ಬೇಕಿತ್ತು. ಸೌದೆಯ ಕೆಂಡದ ಮೇಲೆ ಅದು ಸಾಧ್ಯವಿಲ್ಲ. ಉಪಾಯ ಹೊಳೆದ ಮಾತ್ರಕ್ಕೆ ವಸ್ತು ಆಗುವುದಿಲ್ಲ, ಅದರ ಸುತ್ತಲಿನ ಹತ್ತು ವಸ್ತುಗಳೂ ಅಷ್ಟರ ಮಟ್ಟಿಗೆ ಬೆಳೆದು ಬರಬೇಕು ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಪಾತ್ರೆ ಅಡುಗೆಮನೆಯಲ್ಲಿ ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ. ಆದ್ದರಿಂದ ನಿಮ್ಮ ಟಿಪ್ಪಣಿಯಲ್ಲಿ ಸಂಶೋಧಕನ ಹೆಸರಿಗೆ ಕೊಟ್ಟಷ್ಟೇ ಜಾಗವನ್ನು ಗ್ಯಾಸ್ಕೆಟ್ಟಿಗೂ ಕೊಡಿ.

ಮೂರನೆಯದು ನಮ್ಮ ದೇಶದ ಇಸವಿ. ಹಾಕಿನ್ಸ್ ಮತ್ತು ಪ್ರೆಸ್ಟೀಜ್ ಎರಡೂ ಕುಕ್ಕರುಗಳ ತಯಾರಿಕೆ ಭಾರತದಲ್ಲಿ ಆರಂಭವಾದದ್ದು 1959ರಲ್ಲಿ. ಆದರೆ ಇಲ್ಲಿಯೂ ‘ಅದಕ್ಕೂ ಮೊದಲು ಏನಿತ್ತು?’ ಎಂದು ಕೇಳದೆ ಮುಂದಕ್ಕೆ ಹೋಗಬಾರದು. ಕೊಲ್ಕತ್ತದ ಡಾಕ್ಟರ್ ಇಂದುಮಾಧವ ಮಲ್ಲಿಕ್ ಅವರು 1910ರಲ್ಲಿಯೇ ‘ಇಕ್ಮಿಕ್ ಕುಕ್ಕರ್’ ಎಂಬುದನ್ನು ರೂಪಿಸಿದ್ದರು. ಉದ್ದನೆಯ ಕೊಳವೆಯಂಥ ಪಾತ್ರೆಯ ಬುಡದಲ್ಲಿ ಇದ್ದಿಲಿನ ಕೆಂಡ, ಅದರ ಮೇಲೆ ಒಂದರ ಮೇಲೊಂದು ಡಬ್ಬಿಗಳಲ್ಲಿ ಅಕ್ಕಿ, ಬೇಳೆ, ತರಕಾರಿ. ಬೆಳಿಗ್ಗೆ ಇಟ್ಟು ಹೊರಗೆ ಹೋದರೆ ಮರಳಿ ಬರುವ ಹೊತ್ತಿಗೆ ಅಡುಗೆ ಸಿದ್ಧ. ಅದು ಹೆಚ್ಚಿನ ಒತ್ತಡದ ಪಾತ್ರೆಯಲ್ಲ, ಹಬೆಯಲ್ಲಿ ನಿಧಾನವಾಗಿ ಬೇಯಿಸುವ ಪಾತ್ರೆ. ಆದರೂ ಇಂದು ನಾವು ಕುಕ್ಕರಿನೊಳಗೆ ಕೆಳಗೆ ಬೇಳೆ, ಮೇಲೆ ಅನ್ನ ಎಂದು ಡಬ್ಬಿಗಳನ್ನು ಇಟ್ಟು ಒಮ್ಮೆಲೇ ಕೂಗಿಸುವಾಗ ಮಾಡುತ್ತಿರುವುದು ಅದೇ ಏರ್ಪಾಟನ್ನು.

ನಾಲ್ಕನೆಯ ಇಸವಿಯೇ ಹುಡುಕಲು ಕಷ್ಟವಾದದ್ದು, ಬೇರೆ ಯಾರೂ ನಿಮಗಾಗಿ ಹುಡುಕಿ ಕೊಡಲಾರದ್ದು ಕೂಡ. ಇದಕ್ಕೆ ಮನೆಯ ಹಿರಿಯರನ್ನೇ ಕೇಳಬೇಕು, ಕೇಳುವ ರೀತಿಯನ್ನು ಮಾತ್ರ ಬದಲಿಸಬೇಕು. ‘ನಮ್ಮ ಮನೆಗೆ ಕುಕ್ಕರ್ ಯಾವ ಇಸವಿಯಲ್ಲಿ ಬಂತು?’ ಎಂದರೆ ‘ಅಯ್ಯೋ, ಯಾರಿಗೆ ನೆನಪಿದೆ’ ಎಂಬ ಉತ್ತರವೇ ಬರುತ್ತದೆ. ‘ಕುಕ್ಕರ್ ಬಂದಾಗ ಚಿಕ್ಕಪ್ಪನ ಮದುವೆ ಆಗಿತ್ತೇ?’, ‘ಆಗ ಸೌದೆ ಒಲೆಯೋ, ಸೀಮೆಎಣ್ಣೆ ಸ್ಟೌವೋ?’, ‘ಬೀದಿಯಲ್ಲಿ ಮೊದಲು ತಂದವರು ಯಾರು?’, ‘ಮೊದಲ ಸಲ ಇಟ್ಟದ್ದು ಯಾರು?’ ಎಂದು ಕೇಳಿ ನೋಡಿರಿ. ನಾನು ನಮ್ಮ ದೊಡ್ಡಮ್ಮನನ್ನು ಕೊನೆಯ ಪ್ರಶ್ನೆ ಕೇಳಿದಾಗ ಅವರು, ಕುಕ್ಕರನ್ನು ಪಂಪ್ ಸ್ಟೌವಿನ ಮೇಲಿಟ್ಟು ಮನೆಯವರೆಲ್ಲ ಹಿತ್ತಲಿಗೆ ಹೋಗಿ ನಿಂತದ್ದನ್ನೂ, ಕೂಗು ಎಣಿಸುವ ಕೆಲಸವನ್ನು ಬಾಗಿಲ ಸಂದಿಯಲ್ಲಿ ನಿಂತ ಹುಡುಗನೊಬ್ಬನಿಗೆ ವಹಿಸಿದ್ದನ್ನೂ ಹೇಳಿದರು. ಆ ಹುಡುಗ ಆಗ ಎರಡನೆಯ ತರಗತಿಯಲ್ಲಿದ್ದನು. ಅವನ ಹುಟ್ಟಿದ ಇಸವಿ ಗೊತ್ತಿದ್ದುದರಿಂದ ಕುಕ್ಕರಿನ ಇಸವಿಯೂ ದೊರೆಯಿತು.

ನೆನಪನ್ನು ತಾಳೆ ನೋಡಲು ನಮ್ಮ ಕಡೆಯ ಮನೆಗಳಲ್ಲಿ ಒಂದು ಅಪೂರ್ವ ದಾಖಲೆಯಿದೆ, ಅದು ಪಾತ್ರೆಗಳ ಮೇಲೆ ಕೆತ್ತಿಸಿದ ಹೆಸರು. ಮದುವೆ, ಗೃಹಪ್ರವೇಶ, ನಾಮಕರಣಗಳಲ್ಲಿ ಕೊಟ್ಟ ಸ್ಟೀಲ್ ಪಾತ್ರೆಗಳ ಮೇಲೆ ಕೊಟ್ಟವರ ಹೆಸರು, ಊರು, ಕೆಲವೊಮ್ಮೆ ತಾರೀಖು ಚುಕ್ಕೆಚುಕ್ಕೆಯ ಅಕ್ಷರಗಳಲ್ಲಿ ಇರುತ್ತವೆ. ನಮ್ಮ ಮನೆಯಲ್ಲಿ ಬೇಳೆ ತುಂಬಿಡುವ ಡಬ್ಬಿಯ ಕುತ್ತಿಗೆಯ ಕೆಳಗೆ ‘14-5-72’ ಎಂದಿದೆ. ದಿನವೂ ಮುಟ್ಟುವ ಕಡೆ ಸವೆದು 4 ಎಂಬ ಅಂಕಿ 1ರಂತೆ ಕಾಣುತ್ತಿತ್ತು. ಓರೆ ಬೆಳಕಿನಲ್ಲಿ ಹಿಡಿದಾಗಲೇ ಸರಿಯಾಗಿ ಓದಲು ಬಂತು. ಮನೆಯ ಹಿತ್ತಾಳೆ, ಕಂಚು, ಸ್ಟೀಲ್ ಪಾತ್ರೆಗಳ ಮೇಲಿನ ತಾರೀಖುಗಳನ್ನೆಲ್ಲ ಒಂದು ಹಾಳೆಯಲ್ಲಿ ಅನುಕ್ರಮವಾಗಿ ಬರೆದರೆ, ಹಿತ್ತಾಳೆ ನಿಂತು ಸ್ಟೀಲ್ ಆರಂಭವಾದ ಕಾಲ ಕಣ್ಣಿಗೆ ಕಟ್ಟುತ್ತದೆ. ಸ್ಟೇನ್‌ಲೆಸ್ ಸ್ಟೀಲನ್ನು ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ 1913ರಲ್ಲಿ, ಬಂದೂಕಿನ ನಳಿಗೆ ಬೇಗ ಸವೆಯದಂತೆ ಮಾಡುವ ಪ್ರಯತ್ನದಲ್ಲಿ, ಕ್ರೋಮಿಯಂ ಬೆರೆಸಿದ ಉಕ್ಕಿನಿಂದ ಪಡೆದನು. ಬಂದೂಕಿಗೆಂದು ಹೊರಟ ಲೋಹ ಹುಣಸೆಹುಳಿಯ ಸಾರಿಗೆ ಕಲೆಯಾಗದ ಪಾತ್ರೆಯಾಗಿ ನಿಮ್ಮ ಮನೆಗೆ ಯಾವಾಗ ಬಂತೆಂಬುದನ್ನು ಈ ಹಾಳೆಯೇ ಹೇಳುತ್ತದೆ.

ವಿದ್ಯುತ್ತಿನಿಂದ ನಡೆಯುವ ವಸ್ತುವಾದರೆ ಇನ್ನೊಂದು ಆಧಾರವಿದೆ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹೋದದ್ದು 1902ರಲ್ಲಿ, ಬೆಂಗಳೂರಿಗೆ ಬಂದದ್ದು 1905ರಲ್ಲಿ. ಹಳ್ಳಿಗಳಿಗೆ ಬಂದದ್ದು ಎಷ್ಟೋ ದಶಕಗಳ ಮೇಲೆ. ನಿಮ್ಮ ಊರಿಗೆ ಕಂಬ ನೆಟ್ಟ ಇಸವಿಯನ್ನು ಮೊದಲು ತಿಳಿದುಕೊಂಡರೆ ಮಿಕ್ಸಿ ಅದಕ್ಕಿಂತ ಮುಂಚೆ ಬರಲು ಸಾಧ್ಯವಿರಲಿಲ್ಲವೆಂಬ ಗಡಿ ಸಿಗುತ್ತದೆ. ಮಿಕ್ಸಿಗೆ ಎರಡನೆಯ ಗಡಿಯೂ ಇದೆ. ಹಣ್ಣಿನ ರಸ ತೆಗೆಯಲೆಂದು ಮಾಡಿದ ವಿದೇಶಿ ಬ್ಲೆಂಡರುಗಳ ಮೋಟಾರು ನೆನೆಸಿದ ಉದ್ದು, ಒಣಕೊಬ್ಬರಿ, ಮೆಣಸಿನಕಾಯಿಗಳನ್ನು ತಾಳುತ್ತಿರಲಿಲ್ಲ. ಅದನ್ನು ತಾಳುವ ಮೋಟಾರನ್ನು ಮುಂಬೈಯ ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್ ರೂಪಿಸಿ, ‘ಸುಮೀತ್’ ಎಂಬ ಹೆಸರಿನಲ್ಲಿ ತಂದದ್ದು 1960ರ ದಶಕದಲ್ಲಿ. ಒರಳಿನ ಮುಂದೆ ಕುಳಿತವರ ತೋಳಿಗೆ ಬಿಡುವು ಸಿಕ್ಕಿದ್ದು ಅಲ್ಲಿಂದ ಮುಂದೆ.

‘ಮೊಟ್ಟಮೊದಲು’ ಎಂಬ ಮಾತನ್ನು ಬರೆಯುವಾಗ ಎಚ್ಚರ ವಹಿಸಿರಿ. ಸೇಫ್ಟಿ ಪಿನ್ನಿಗೆ ಅಮೆರಿಕದ ವಾಲ್ಟರ್ ಹಂಟ್ 1849ರ ಏಪ್ರಿಲ್ 10ರಂದು ಪೇಟೆಂಟ್ ಪಡೆದು, ಅದರ ಹಕ್ಕನ್ನು 400 ಡಾಲರಿಗೆ ಮಾರಿದನು. ಆದರೆ ತಂತಿಯನ್ನು ಬಾಗಿಸಿ ಬಟ್ಟೆಯನ್ನು ಹಿಡಿದಿಡುವ ಉಪಾಯ ಯುರೋಪಿನಲ್ಲಿ ಕ್ರಿಸ್ತಪೂರ್ವ ಕಾಲದಿಂದಲೂ ಇತ್ತು. ಹಂಟ್ ಸೇರಿಸಿದ್ದು ತುದಿ ಚುಚ್ಚದಂತೆ ಮುಚ್ಚುವ ಕೊಪ್ಪೆಯನ್ನು. ಬೆಂಕಿಕಡ್ಡಿಯದೂ ಹೀಗೆಯೇ. ಗೀರಿದರೆ ಹೊತ್ತುವ ಕಡ್ಡಿಯನ್ನು ಇಂಗ್ಲೆಂಡಿನ ಜಾನ್ ವಾಕರ್ 1827ರಲ್ಲಿ ಮಾರತೊಡಗಿದನು. ಕಡ್ಡಿಯ ತಲೆಯಲ್ಲಿ ಒಂದು ಮದ್ದು, ಪೊಟ್ಟಣದ ಬದಿಯಲ್ಲಿ ಇನ್ನೊಂದು ಎಂದು ಬೇರ್ಪಡಿಸಿ ಅದನ್ನು ಸುರಕ್ಷಿತಗೊಳಿಸಿದವನು ಸ್ವೀಡನ್ನಿನ ಗುಸ್ತಾಫ್ ಎರಿಕ್ ಪಾಶ್, 1844ರಲ್ಲಿ. ‘ಕಂಡುಹಿಡಿದನು’ ಎಂದು ಬರೆಯುವ ಬದಲು ‘ಇಂಥದ್ದನ್ನು ಸೇರಿಸಿದನು’, ‘ಪೇಟೆಂಟ್ ಪಡೆದನು’, ‘ಮಾರಿದನು’ ಎಂದು ಬರೆದರೆ ತಪ್ಪುವ ಸಂಭವ ಕಡಿಮೆ. ಪೇಟೆಂಟಿನ ಮೂಲ ಚಿತ್ರಗಳು ಗೂಗಲ್ ಪೇಟೆಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ; ಹಂಟ್‌ನ ಪೇಟೆಂಟಿನ ಸಂಖ್ಯೆ 6281. ಚಿತ್ರವನ್ನು ನಿಮ್ಮ ಕೈಯಲ್ಲಿರುವ ಪಿನ್ನಿನ ಪಕ್ಕದಲ್ಲಿಟ್ಟು ಹೋಲಿಸಿರಿ.

ಬರೆಯಲು ಕುಳಿತಾಗ ನಾಲ್ಕು ಇಸವಿಗಳನ್ನು ಹಿಂದಿನಿಂದ ಮುಂದಕ್ಕೆ ಅಲ್ಲ, ಮುಂದಿನಿಂದ ಹಿಂದಕ್ಕೆ ಜೋಡಿಸಿ ನೋಡಿರಿ: ಮೊದಲು ನಿಮ್ಮ ಮನೆ, ಆಮೇಲೆ ದೇಶ, ಆಮೇಲೆ ಮಾರುಕಟ್ಟೆ, ಕೊನೆಗೆ ಪಾಪೆನ್. ಓದುವವರು ತಮ್ಮ ಅಡುಗೆಮನೆಯಿಂದಲೇ ಹೊರಡುವುದರಿಂದ ಲಂಡನ್ನಿನ ಆ ಊಟ ಅವರಿಗೆ ದೂರದ್ದೆನಿಸುವುದಿಲ್ಲ. ಕಣ್ಣಾರೆ ಓದಿದ್ದನ್ನೂ ಕಿವಿಯಾರೆ ಕೇಳಿದ್ದನ್ನೂ ಬೇರೆಬೇರೆ ಬಣ್ಣದ ಶಾಯಿಯಲ್ಲಿ ಬರೆಯಿರಿ. ಹೇಳಿದವರ ಹೆಸರು, ಅವರು ಹೇಳಿದ ದಿನ ಎರಡನ್ನೂ ಕೆಳಗೆ ನಮೂದಿಸಿರಿ, ಸಾಧ್ಯವಾದರೆ ಅವರ ಮಾತನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ವಸ್ತುವಿನ ಫೋಟೋ ತೆಗೆಯುವಾಗ ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟರೆ ಗಾತ್ರ ತಿಳಿಯುತ್ತದೆ. ಪೂರ್ಣಗೊಂಡ ಬರಹದ ಒಂದು ಪ್ರತಿಯನ್ನು ಮಡಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಳಕೆಯಲ್ಲಿಲ್ಲದ ಆ ಹಳೆಯ ಕುಕ್ಕರಿನೊಳಗೇ ಇಟ್ಟು ಮುಚ್ಚಳ ಹಾಕಿಡಿ. ಅಟ್ಟ ಸ್ವಚ್ಛಮಾಡುವ ದಿನ ಅದನ್ನು ಗುಜರಿಗೆ ಹಾಕಲು ಕೈಗೆತ್ತಿಕೊಂಡವರು ಮೊದಲು ಅದನ್ನು ತೆರೆದು ನೋಡುತ್ತಾರೆ.