ಖಣದ ಡಿಸೈನ್ ಹ್ಯಾಸ್ಕೆಲ್‌ನಲ್ಲಿ ಬರೆದೆ, ಮಗ್ಗದ ಮೇಲೆ ಬಂತು

ಗುಳೇದಗುಡ್ಡದ ಖಣಕ್ಕೆ (ರವಿಕೆ ಬಟ್ಟೆ) ಹ್ಯಾಸ್ಕೆಲ್ ಅನ್ನೋ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆದು, ಯಾವ ಎಳೆ ಎತ್ತಬೇಕು ಅಂತ ಮಗ್ಗಕ್ಕೆ ಹೇಳುವ ತೂತಿನ ಕಾರ್ಡ್ ಹೊಡೆಸುತ್ತೇನೆ ಅಂದಾಗ ನಕ್ಕವರೇ ಜಾಸ್ತಿ. ಬೆಂಗಳೂರಿನ ಗೆಳೆಯರು "ಫೋಟೋಶಾಪ್ ಇದೆಯಲ್ಲ, ಸುಮ್ನೆ ಯಾಕೆ ತಲೆನೋವು" ಅಂದರು. ಮಗ್ಗದ ಮಾಲೀಕರು, ನಾನು ಕಾಕಾ ಅಂತಲೇ ಕರೆಯೋದು, ಒಂದೇ ಮಾತು ಕೇಳಿದರು: "ತಮ್ಮಾ, ನಿನ್ನ ಕಂಪ್ಯೂಟರ್ ಎಂದಾದ್ರೂ ಬಳೆ ಹಾಕ್ಕೊಂಡೈತೇನು?" ಆ ಮಾತಿನ ತೂಕ ಗೊತ್ತಾಗೋಕೆ ನನಗೆ ಒಂದಿಷ್ಟು ದುಡ್ಡು ಖರ್ಚಾಯಿತು.

ಮೊದಲು ಗೆಳೆಯರು ಹೇಳಿದ ದಾರಿಯಲ್ಲೇ ಹೋಗಿದ್ದೆ. ತೇರಿನ ಬುಟ್ಟಾ (ನೇಯ್ದ ಚಿತ್ರ), 240 ಹುಕ್ಕಿನ ಜಕಾರ್ಡ್ (ಕಾರ್ಡ್ ನೋಡಿ ಕೊಕ್ಕೆಗಳಿಂದ ಎಳೆ ಎತ್ತುವ ಯಂತ್ರ). ಚಿತ್ರ ಬರೆದು, ಚೌಕಕ್ಕೆ ಇಳಿಸಿ, ಕಾರ್ಡ್ ಹೊಡೆಸಿದೆ. ಒಂದು ಸೆಟ್‌ಗೆ ಇನ್ನೂರು ಚಿಲ್ಲರೆ ಕಾರ್ಡ್. ರಟ್ಟು, ಪಂಚಿಂಗ್, ಹೊಲಿಗೆ ಎಲ್ಲ ಸೇರಿ ಹತ್ತಿರ ಹತ್ತಿರ 2,000 ರೂಪಾಯಿ. ತೇರು ಉದ್ದವಾಗಿ ಎಳೆದಂತೆ ಬಂತು, ಗಾಲಿ ಮೊಟ್ಟೆಯಾಯಿತು. ಒಂದು ಇಂಚಿಗೆ ಹಾಸಿನ (ಉದ್ದದ) ಎಳೆ ಎಷ್ಟೋ ಹೊಕ್ಕು (ಅಡ್ಡ ಎಳೆ) ಅಷ್ಟಿರಲ್ಲ, ಅದು ನೇಯುವವರಿಗೆಲ್ಲ ಗೊತ್ತಿರೋದೇ. ಸರಿ, ಚಿತ್ರವನ್ನೇ ಕುಗ್ಗಿಸಿ ಇನ್ನೊಂದು ಸೆಟ್ ಹೊಡೆಸಿದೆ. ಗಾಲಿ ದುಂಡಗಾಯಿತು, ಆದರೆ ನೆಲದಲ್ಲಿ, ಅಂದರೆ ಬುಟ್ಟಾದ ಸುತ್ತಲಿನ ಬಟ್ಟೆಯಲ್ಲಿ, ಅಡ್ಡಡ್ಡ ಪಟ್ಟೆ ಕಂಡವು. ಕುಗ್ಗಿಸುವಾಗ ಸಾಫ್ಟ್‌ವೇರ್ ನಡುನಡುವೆ ಕೆಲವು ಸಾಲು ನುಂಗಿಬಿಟ್ಟಿತ್ತು. ಬುಟ್ಟಾದಲ್ಲಿ ಒಂದು ಸಾಲು ಹೋದರೆ ಕಣ್ಣಿಗೆ ಬೀಳಲ್ಲ. ಸ್ಯಾಟಿನ್ (ನುಣುಪು ನೇಯ್ಗೆ) ನೆಲದಲ್ಲಿ ಒಂದು ಸಾಲು ಹೋದರೆ ಇಡೀ ಬಟ್ಟೆ ಹೇಳುತ್ತೆ. ಇಷ್ಟರಲ್ಲಿ ಮಗ್ಗ ನಿಂತಿತ್ತು, ನೇಯುವವರ ಕೂಲಿ ನಿಂತಿರಲಿಲ್ಲ.

ಆಮೇಲೆ ಚಿತ್ರ ಅನ್ನೋದನ್ನೇ ಬಿಟ್ಟೆ. ನನ್ನ ಡಿಸೈನ್ ಈಗ ಬರೀ ಒಂದು ಫಂಕ್ಷನ್. ಎಷ್ಟನೇ ಹಾಸಿನ ಎಳೆ, ಎಷ್ಟನೇ ಹೊಕ್ಕು, ಈ ಎರಡು ಸಂಖ್ಯೆ ಕೊಟ್ಟರೆ ಎಳೆ ಏಳಬೇಕೋ ಬೇಡವೋ ಅಂತ ಹೇಳುತ್ತೆ. ಅಷ್ಟೇ. ನೆಲ ಒಂದು ಫಂಕ್ಷನ್, ಬುಟ್ಟಾ ಇನ್ನೊಂದು. ಎಂಟೆಳೆ ಸ್ಯಾಟಿನ್‌ಗೆ ಮೂರರ ಹೆಜ್ಜೆ: ಹೊಕ್ಕಿನ ಸಂಖ್ಯೆಯ ಮೂರು ಪಟ್ಟನ್ನು ಎಳೆಯ ಸಂಖ್ಯೆಯಿಂದ ಕಳೆದು ಎಂಟರಿಂದ ಭಾಗಿಸಿ, ಶೇಷ ಸೊನ್ನೆ ಬಂದಲ್ಲಿ ಎಳೆ ಎತ್ತು. ಒಂದೇ ಸಾಲಿನ ಕೋಡ್. ಬುಟ್ಟಾವನ್ನು ಮಾತ್ರ ಹಿಗ್ಗಿಸಿ ಕುಗ್ಗಿಸುತ್ತೇನೆ. ನೆಲ ಮುಟ್ಟೋದೇ ಇಲ್ಲ. ಕೊನೆಗೆ ಎರಡನ್ನೂ ಸೇರಿಸಿ ಮಗ್ಗಕ್ಕೆ ಬೇಕಾದಷ್ಟು ಚೌಕಕ್ಕೆ ಮಾತ್ರ ಉತ್ತರ ಕೇಳುತ್ತೇನೆ. ಪಟ್ಟೆ ಹೋಯಿತು.

(ಆರೆಳೆಗೆ ಯಾರಾದರೂ ಇದೇ ಸೂತ್ರ ಹಾಕೋಕೆ ಹೋದರೆ ಸಮಯ ಹಾಳು. ಹೆಜ್ಜೆ 2, 3, 4 ಆದರೆ ಆರರ ಜೊತೆ ಸಾಮಾನ್ಯ ಭಾಜಕ ಬಂದು ಹೊಂದಲ್ಲ, 1 ಅಥವಾ 5 ಹಾಕಿದರೆ ಟ್ವಿಲ್, ಅಂದರೆ ಓರೆ ಗೆರೆಯ ನೇಯ್ಗೆ, ಆಗುತ್ತೆ. ಕ್ರಮಬದ್ಧ ಸ್ಯಾಟಿನ್ ಆರಕ್ಕೆ ಇಲ್ಲವೇ ಇಲ್ಲ.)

ಬುಟ್ಟಾ ಜೋಡಿಸೋಕೆ ಬಳಸುವ, ಪಕ್ಕದಲ್ಲಿ ಇಡು, ಮೇಲೆ ಇಡು, ತಿರುಗಿಸು ಅನ್ನುವ ಸಣ್ಣ ಫಂಕ್ಷನ್‌ಗಳು ನನ್ನ ಬುದ್ಧಿವಂತಿಕೆಯಲ್ಲ. ಕಂಪ್ಯೂಟರ್ ವಿಜ್ಞಾನಿ ಪೀಟರ್ ಹೆಂಡರ್ಸನ್ 1982ರಲ್ಲೇ ಚಿತ್ರಕಾರ ಎಶರ್‌ರ ಮೀನಿನ ಚಿತ್ರವನ್ನು ಹೀಗೆ ಕಟ್ಟಿ ತೋರಿಸಿದ್ದರು. ಅದನ್ನು ಮಗ್ಗಕ್ಕೆ ತಂದದ್ದು ಮಾತ್ರ ನಾನು. ನಮ್ಮ ಕಡೆ ಬೇರೆ ಯಾರೂ ಮಾಡಿದ್ದು ನನಗೆ ಕಂಡಿಲ್ಲ. ಒಂದು ಎಚ್ಚರಿಕೆ: ಬುಟ್ಟಾದ ನಡುವನ್ನು ಸೊನ್ನೆ ಅಂತ ಇಟ್ಟುಕೊಂಡರೆ ಎಡಗಡೆಯ ಸಂಖ್ಯೆಗಳೆಲ್ಲ ಋಣವಾಗುತ್ತವೆ. ಅಲ್ಲಿ ಶೇಷ ತೆಗೆಯೋಕೆ 'ರೆಮ್' ಹಾಕಬೇಡಿ, ಅದು ಋಣ ಶೇಷ ಕೊಡುತ್ತೆ; 'ಮಾಡ್' ಹಾಕಿ.

ಈಗ ಬಳೆಯ ವಿಷಯ. ಹೊಸ ಖಣ ನೋಡೋಕೆ ಚಂದ ಬಂತು. ಕಾಕಾ ಮನೆಯೊಳಗಿಂದ ಕಾಕಿಯನ್ನು ಕರೆದರು. ಕಾಕಿ ಬಟ್ಟೆ ಮೇಲೆ ಮುಂಗೈ ಒಮ್ಮೆ ಆಡಿಸಿದರು. ತೇರಿನ ಕಳಸದ ಹತ್ತಿರ ಬಳೆಗೆ ಒಂದೆಳೆ ಸಿಕ್ಕಿ ಮೇಲೆ ಬಂತು. ಹನ್ನೊಂದೋ ಹನ್ನೆರಡೋ ಹೊಕ್ಕಿನವರೆಗೆ ಆ ಎಳೆ ಎಲ್ಲೂ ಕಟ್ಟಿಬೀಳದೆ ತೇಲುತ್ತಿತ್ತು. ಪರದೆ ಮೇಲೆ ಇದು ಕಂಡಿರಲಿಲ್ಲ, ಯಾಕೆಂದರೆ ಅದರಲ್ಲಿ ಅರ್ಧ ಕೊನೆಯ ಕಾರ್ಡುಗಳಲ್ಲಿತ್ತು, ಉಳಿದರ್ಧ ಮೊದಲ ಕಾರ್ಡುಗಳಲ್ಲಿ. ಕಾರ್ಡಿನ ಸರ ಸುತ್ತಿಬಂದು ಕೊನೆಯದು ಮೊದಲನೆಯದಕ್ಕೆ ಹೊಲಿದಿರುತ್ತೆ ಅಲ್ವಾ. ಚಿತ್ರವಾದರೆ ಅಂಚಿಗೆ ಮುಗಿಯುತ್ತೆ. ಫಂಕ್ಷನ್‌ಗೆ ಅಂಚೇ ಇಲ್ಲ, ಆದ್ದರಿಂದ ಎರಡು ಸುತ್ತಿನಷ್ಟು ಉತ್ತರ ಕೇಳಿ, ಪ್ರತಿ ಎಳೆಯಲ್ಲೂ ಅತಿ ಉದ್ದದ ತೇಲು ಎಷ್ಟು ಅಂತ ಒಂದು ಫೋಲ್ಡ್ (ಸಾಲಾಗಿ ಒಂದೊಂದೇ ನೋಡುತ್ತಾ ಲೆಕ್ಕ ಇಡುವ ಫಂಕ್ಷನ್) ಹಾಕಿದೆ. ಏಳು ದಾಟಿದರೆ ಕೆಂಪು. ಅಡ್ಡಕ್ಕೂ ಅದೇ.

ಕೆಂಪು ಬಂದಲ್ಲಿ ಬುಟ್ಟಾದ ಅಂದ ಕೆಡದಂತೆ ಕಟ್ಟು ಎಲ್ಲಿ ಹಾಕಬೇಕು? ಅದನ್ನು ಇಲ್ಲಿ ಬರೆಯಲ್ಲ. ಹೊಟ್ಟೆಪಾಡಿನ ಪ್ರಶ್ನೆ.

ಇದೇ ಹುಚ್ಚಿನಲ್ಲಿ ಬುಟ್ಟಾದ ಸಾಲುಗಳನ್ನು ಟೈಡಲ್ ಸೈಕಲ್ಸ್‌ಗೆ ಕೊಟ್ಟು ನೋಡಿದೆ. ಕೋಡ್ ಬರೆದು ಸಂಗೀತ ಕಟ್ಟುವ ಸಾಫ್ಟ್‌ವೇರ್ ಅದು, ಅದೂ ಹ್ಯಾಸ್ಕೆಲ್ಲೇ. ಅಲ್ಲೂ ಪ್ಯಾಟರ್ನ್ ಅಂದರೆ ಫಂಕ್ಷನ್, ಸಮಯದ ತುಂಡು ಕೊಟ್ಟರೆ ಪೆಟ್ಟುಗಳು ಬರುತ್ತವೆ. ಎದ್ದ ಎಳೆಗೆ ಒಂದು ಪೆಟ್ಟು ಅಂತ ಇಟ್ಟೆ. ಕೇಳಿದರೆ ಥೇಟ್ ಪವರ್‌ಲೂಮ್. ಅದನ್ನು ಬಿಟ್ಟು, ಓಣಿಯವರು ಬಾರಿಸಿದ ಕರಡಿ ವಾದ್ಯದ ಪೆಟ್ಟುಗಳನ್ನು ಫೋನಿನಲ್ಲಿ ಹಿಡಿದು ಯೂಕ್ಲಿಡ್ ಲಯಕ್ಕೆ (ಪೆಟ್ಟುಗಳನ್ನು ಆದಷ್ಟು ಸಮವಾಗಿ ಹಂಚುವ ಲಯ) ಹಾಕಿದೆ: ಎಂಟು ಮಾತ್ರೆಯಲ್ಲಿ ಮೂರು ಪೆಟ್ಟು, ಅದರ ಮೇಲೆ ಎಂಟರಲ್ಲಿ ಐದು, ನಾಲ್ಕು ಸುತ್ತಿಗೊಮ್ಮೆ ಒಂದನ್ನು ಉಲ್ಟಾ. ಚೆನ್ನಾಗಿತ್ತು. ಕರಡಿ ಬಾರಿಸುವ ಅಣ್ಣ ಕೇಳಿ, "ಕಡೀ ಪೆಟ್ಟು ಜರಾ ತಡಾ ಬೀಳಬೇಕಲೇ" ಅಂದ. 'ನಡ್ಜ್' ಅನ್ನೋ ಆಜ್ಞೆ ಹಾಕಿ ಒಂಚೂರು ತಡವಾಗಿ ಬೀಳುವಂತೆ ತಳ್ಳಿದೆ. ಈಗ ತಲೆ ಆಡಿಸುತ್ತಾನೆ.

ಕಸೂತಿಯ ಗವಂತಿ ಹೊಲಿಗೆಗೂ ಒಂದು ಪ್ರೋಗ್ರಾಮ್ ಬರೆದೆ. ಗವಂತಿ ಎರಡೂ ಬದಿ ಒಂದೇ ಥರ ಕಾಣಬೇಕು. ದಾರ ಹೋದ ಗೆರೆಯಲ್ಲೇ ವಾಪಸ್ ಬರಬೇಕು, ಹೋಗುವಾಗ ಮೇಲೆ ಬಿದ್ದದ್ದು ಬರುವಾಗ ಕೆಳಗೆ ಬೀಳಬೇಕು. ಸಾಮಾನ್ಯ ರಿಕರ್ಶನ್ (ಫಂಕ್ಷನ್ ತನ್ನನ್ನೇ ಮತ್ತೆ ಕರೆಯೋದು) ಸಾಕು. ಒಂದು ಕವಲಿಗೆ ಹೋಗಿ, ಅದನ್ನು ಮುಗಿಸಿ, ಅಲ್ಲಿಂದಲೇ ಹಿಂದಕ್ಕೆ. ಹೋಗೋದಕ್ಕೂ ಬರೋದಕ್ಕೂ ನಡುವೆ ಯಾವಾಗಲೂ ಸಮಸಂಖ್ಯೆಯ ಹೊಲಿಗೆ ಬೀಳುತ್ತವೆ, ಆದ್ದರಿಂದ ಮೇಲು ಕೆಳಗು ತಾನಾಗೇ ಹೊಂದುತ್ತೆ. ಗೋಪುರದ ಚಿತ್ರಕ್ಕೆ ದಾರ ಹೋಗುವ ದಾರಿ ಪ್ರಿಂಟ್ ಮಾಡಿ ಚಿಗವ್ವನಿಗೆ ಕೊಟ್ಟೆ. ನೋಡಿ, "ನಾವು ತಳದಿಂದ ಚಾಲೂ ಮಾಡ್ತೀವಿ, ನೀ ತುದಿಯಿಂದ ಮಾಡೀದಿ, ಉಳಿದದ್ದು ಬರಾಬರಿ" ಅಂದಳು. ಇದರಿಂದ ಒಂದು ಪೈಸೆಯೂ ಹುಟ್ಟಿಲ್ಲ.

ಖಣದಿಂದ ಹುಟ್ಟಿದೆ. ಕೈಯಲ್ಲಿ ಗ್ರಾಫ್ ಬರೆಸಿದರೆ ಮೂರ್ನಾಲ್ಕು ಸಾವಿರ, ವಾರಗಟ್ಟಲೆ ಕಾಯಬೇಕು. ನಾನು ಎರಡೂವರೆಗೆ ಕೊಡುತ್ತೇನೆ, ಎರಡೇ ದಿನ. ಹಾಳಾದ ಸೆಟ್‌ಗಳ ದುಡ್ಡು ಮೊದಲ ಏಳೆಂಟು ಡಿಸೈನ್‌ನಲ್ಲೇ ವಾಪಸ್ ಬಂತು. ಈಗ ಬನಹಟ್ಟಿಯವರೊಬ್ಬರು ಅದೇ ತೇರನ್ನು 400 ಹುಕ್ಕಿಗೆ, ಸೀರೆಯ ಸೆರಗಿಗೆ ಕೇಳಿದ್ದಾರೆ. ನನಗೆ ಬದಲಾಗೋದು ಎರಡು ಸಂಖ್ಯೆ. ರೇಟ್ ಮಾತ್ರ ಹೊಸ ಡಿಸೈನಿನದೇ ಹೇಳಿದ್ದೇನೆ, ಒಪ್ಪಿದ್ದಾರೆ.